ಪಿಐಪಿ, ರೆಕಾರ್ಡಿಂಗ್ ಇದೆ ಎಂದು ಬಾಕ್ಸ್ ತಗೊಳ್ಳುವ ಮುಂಚೆ ಇದನ್ನು ಓದಿ

ಕ್ರಿಕೆಟ್ ನೋಡುತ್ತಲೇ ಮೂಲೆಯ ಸಣ್ಣ ಕಿಟಕಿಯಲ್ಲಿ (ಇದೇ ಪಿಐಪಿ, ಅಂದರೆ ಪಿಕ್ಚರ್ ಇನ್ ಪಿಕ್ಚರ್) ಧಾರಾವಾಹಿಯನ್ನೂ ನೋಡಬಹುದು, ಬೇಕಾದ್ದನ್ನು ರೆಕಾರ್ಡ್ ಮಾಡಿಕೊಳ್ಳಬಹುದು ಎಂದು ಹೇಳಿ ಕೇಬಲ್ ಬಾಕ್ಸ್ ಮಾರುವವರಿದ್ದಾರೆ. ಮೈಸೂರಿನ ಒಂದು ಮನೆಯವರು ಈ ಮಾತು ನಂಬಿ, ಹಳೆ ಬಾಕ್ಸ್ ಕೊಟ್ಟು, ಮೇಲೆ ದುಡ್ಡು ಹಾಕಿ ಹೊಸದು ತಂದರು. ಅಂಗಡಿಯಲ್ಲಿ ಎರಡು ಚಿತ್ರವೂ ಚೆನ್ನಾಗಿಯೇ ಬಂದಿತ್ತು. ಮನೆಯಲ್ಲಿ ಕ್ರಿಕೆಟ್ ಹಾಕಿ ಪಿಐಪಿ ಒತ್ತಿದರೆ ಸಣ್ಣ ಕಿಟಕಿ ಬರೀ ಕಪ್ಪು. ರೆಕಾರ್ಡಿಂಗ್‌ಗೆಂದು ಮಗಳ ಮದುವೆ ವಿಡಿಯೊ ಇದ್ದ ಹಾರ್ಡ್ ಡಿಸ್ಕನ್ನೇ ಚುಚ್ಚಿದರು. ಪರದೆಯಲ್ಲಿ ಏನೋ ಕೇಳಿತು, ಓಕೆ ಒತ್ತಿದರು, ಡಿಸ್ಕ್ ಫಾರ್ಮ್ಯಾಟ್ ಆಗಿ ವಿಡಿಯೊ ಕಾಣೆಯಾಯಿತು. ಬಾಕ್ಸ್ ಕೆಟ್ಟಿರಲಿಲ್ಲ. ಅದು ಕೆಲಸ ಮಾಡುವುದೇ ಹಾಗೆ. ಮಾರಿದವರು ಅದನ್ನು ಮೊದಲೇ ಹೇಳಬೇಕಿತ್ತು.

ಅಂಗಡಿಯಲ್ಲಿ ಬಂದದ್ದು ಮನೆಯಲ್ಲಿ ಯಾಕೆ ಬರಲಿಲ್ಲ? ಡಿಜಿಟಲ್ ಕೇಬಲ್‌ನಲ್ಲಿ 8 ಮೆಗಾಹರ್ಟ್ಸ್ ಅಗಲದ ಒಂದೇ ಫ್ರೀಕ್ವೆನ್ಸಿಯಲ್ಲಿ ಹಲವು ಚಾನೆಲ್‌ಗಳು ಒಟ್ಟಿಗೆ ಬರುತ್ತವೆ. 64 ಕ್ವಾಮ್ ಎಂಬ ವಿಧಾನದಲ್ಲಿ ಕಳಿಸಿದರೆ ಅದರಲ್ಲಿ ಸೆಕೆಂಡಿಗೆ ಸುಮಾರು 38 ಮೆಗಾಬಿಟ್ (ಎಂಬಿಪಿಎಸ್) ಹಿಡಿಸುತ್ತದೆ. ಬಾಕ್ಸ್‌ನೊಳಗೆ ಸಿಗ್ನಲ್ ಹಿಡಿಯುವ ಭಾಗವೇ ಟ್ಯೂನರ್. ಒಂದು ಟ್ಯೂನರ್ ಒಂದು ಸಲಕ್ಕೆ ಒಂದೇ ಫ್ರೀಕ್ವೆನ್ಸಿ ಹಿಡಿಯುತ್ತದೆ. ಹಾಗಾಗಿ ಒಂದೇ ಟ್ಯೂನರ್ ಇರುವ ಬಾಕ್ಸ್ ಕೂಡ ಒಂದೇ ಫ್ರೀಕ್ವೆನ್ಸಿಯ ಗುಂಪಿನ ಎರಡು ಚಾನೆಲ್‌ಗಳನ್ನು ತೋರಿಸಬಲ್ಲದು. ಅಂಗಡಿಯಲ್ಲಿ ತೋರಿಸಿದ್ದು ಅಂಥವನ್ನೇ. ಬೇರೆ ಗುಂಪಿನ ಚಾನೆಲ್ ಬೇಕೆಂದರೆ ಎರಡನೇ ಟ್ಯೂನರ್ ಇರಲೇಬೇಕು. ಬಂದ ಸಿಗ್ನಲ್‌ನಿಂದ ಎರಡು ಚಿತ್ರ ಬಿಡಿಸಲು ಡಿಕೋಡರೂ ಎರಡು ಬೇಕು. ಕೆಲವು ಬಾಕ್ಸ್‌ಗಳು ಎರಡು ಎಚ್‌ಡಿ ಚಾನೆಲ್ ಕೊಟ್ಟರೆ ಕೈಚೆಲ್ಲುತ್ತವೆ.

ಪರೀಕ್ಷೆ ಮಾಡುವುದು ಕಷ್ಟವಲ್ಲ. ಚಾನೆಲ್ ಹಾಕಿ, ಮೆನುವಿನಲ್ಲಿ ಸಿಗ್ನಲ್ ಮಾಹಿತಿ ತೆರೆದು, ಮೆಗಾಹರ್ಟ್ಸ್ ಸಂಖ್ಯೆ ಬರೆದಿಟ್ಟುಕೊಳ್ಳಿ. ಬೇರೆ ಸಂಖ್ಯೆ ಇರುವ ಇನ್ನೊಂದು ಚಾನೆಲ್ ಹುಡುಕಿ, ಆ ಎರಡನ್ನೇ ಪಿಐಪಿಯಲ್ಲಿ ಹಾಕಿಸಿ. ಆಮೇಲೆ ಎರಡೂ ಎಚ್‌ಡಿ ಆಗಿರುವಂತೆ ಇನ್ನೊಮ್ಮೆ. ಹಣ ಕೊಡುವುದು ಇದಾದ ಮೇಲೆ. ಬಾಕ್ಸ್ ಹಿಂದೆ ಎರಡು ಕೇಬಲ್ ತೂತು ಇದೆ ಎಂದು ಮೋಸಹೋಗಬೇಡಿ. ಎರಡನೆಯದು ಬರೀ ಲೂಪ್ ಔಟ್, ಅಂದರೆ ಸಿಗ್ನಲ್ಲನ್ನು ಹೊರಗೆ ಕೊಡುವ ತೂತು, ಆಗಿರಬಹುದು. ಡಿಶ್ ಬಾಕ್ಸ್ ಆದರೆ ಎರಡು ಇನ್‌ಪುಟ್ ಇದ್ದರೂ ಸಾಲದು, ಛಾವಣಿಯಿಂದ ಎರಡು ವೈರ್ ಇಳಿಯಬೇಕು, ಮೇಲೆ ಟ್ವಿನ್ ಎಲ್‌ಎನ್‌ಬಿ (ಡಿಶ್‌ನ ಮುಂದೆ ಸಿಗ್ನಲ್ ಹಿಡಿಯುವ, ಎರಡು ವೈರ್ ಹಾಕಬಹುದಾದ ಸಾಧನ) ಇರಬೇಕು. ಡಿಶ್ ಬಾಕ್ಸ್ ವೈರಿನಲ್ಲಿ 13 ಇಲ್ಲವೇ 18 ವೋಲ್ಟ್ ಕಳಿಸಿ ಚಾನೆಲ್‌ಗಳ ಗುಂಪು ಆರಿಸುತ್ತದೆ. ಮಾಮೂಲಿ ಎಲ್‌ಎನ್‌ಬಿಗೆ ಒಂದೇ ವೈರ್ ಇದ್ದರೆ 13 ವೋಲ್ಟ್‌ನ ಚಾನೆಲ್ ನೋಡುವಾಗ 18 ವೋಲ್ಟ್‌ನದು ಸಿಗುವುದಿಲ್ಲ.

ಟಿವಿಯಲ್ಲೇ ಪಿಐಪಿ ಇದೆಯಲ್ಲ ಎನ್ನುವವರಿಗೂ ಒಂದು ಮಾತು. ಹಳೆ ಟಿವಿಗಳಲ್ಲಿ ಸಾಮಾನ್ಯವಾಗಿ ದೊಡ್ಡ ಚಿತ್ರ ಎಚ್‌ಡಿಎಂಐಯಿಂದ, ಸಣ್ಣದು ಟಿವಿಯ ಸ್ವಂತ ಟ್ಯೂನರ್‌ನಿಂದ. 2013ರಲ್ಲಿ ಬೆಂಗಳೂರು, ಮೈಸೂರಿನಲ್ಲಿ ಡಿಜಿಟಲ್ ಕೇಬಲ್ ಕಡ್ಡಾಯವಾದ ಮೇಲೆ ಚಾನೆಲ್‌ಗಳು ಎನ್‌ಕ್ರಿಪ್ಟ್ ಆಗಿ (ಬೀಗ ಹಾಕಿದಂತೆ) ಬರುತ್ತವೆ, ಟಿವಿಯ ಟ್ಯೂನರ್‌ಗೆ ಅವು ತೆರೆಯುವುದಿಲ್ಲ. ಕೇಬಲನ್ನು ಎರಡಾಗಿ ಹಂಚುವ ಸ್ಪ್ಲಿಟರ್ ಹಾಕಿ ಟಿವಿಗೂ ವೈರ್ ಎಳೆದರೆ ಬಾಕ್ಸ್‌ಗೆ ಹೋಗುವ ಸಿಗ್ನಲ್ಲೂ ಸುಮಾರು 3.5 ಡಿಬಿ (ಡೆಸಿಬೆಲ್), ಅಂದರೆ ಅರ್ಧಕ್ಕಿಂತ ಹೆಚ್ಚು, ಇಳಿದು, ಚಿತ್ರ ಚೌಕಚೌಕವಾಗಿ ಒಡೆಯುವ ಸಾಧ್ಯತೆ ಉಂಟು.

ನಿಜವಾದ ಎರಡು ಟ್ಯೂನರ್ ಇದ್ದರೂ ಬೇರೆ ಬೇರೆ ಗುಂಪಿನ ಚಾನೆಲ್‌ಗಳನ್ನು ಪಿಐಪಿಯಲ್ಲಿ ಹಾಕಿದ ಕ್ಷಣ ಎರಡೂ ಖರ್ಚಾಗುತ್ತವೆ. ರಾತ್ರಿ 8:30ಕ್ಕೆ ಇನ್ನೊಂದು ಗುಂಪಿನ ಚಾನೆಲ್ ರೆಕಾರ್ಡ್ ಮಾಡಲು ಟೈಮರ್ ಇಟ್ಟಿದ್ದರೆ ಆಗ ಸಣ್ಣ ಕಿಟಕಿ ಮುಚ್ಚಿಕೊಳ್ಳುತ್ತದೆ, ಇಲ್ಲವೇ ಬಾಕ್ಸ್ ಒಂದು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತದೆ. ರಿಮೋಟ್ ಹತ್ತಿರ ಯಾರೂ ಇಲ್ಲದಿದ್ದರೆ ಏನು ಮಾಡುತ್ತದೆ ಎಂಬುದನ್ನು ಮೊದಲೇ ಒಂದು ಬೇಡದ ಕಾರ್ಯಕ್ರಮದಲ್ಲಿ ನೋಡಿಕೊಳ್ಳಿ. ಚಾನೆಲ್ ಬದಲಿಸಿದರೆ ಹಿಂದಕ್ಕೆ ಓಡಿಸಿ ನೋಡಲೆಂದು ಬಾಕ್ಸ್ ತಾತ್ಕಾಲಿಕವಾಗಿ ಹಿಡಿದಿಟ್ಟ ಭಾಗ (ಬಫರ್) ಸಾಮಾನ್ಯವಾಗಿ ಅಳಿಸಿಹೋಗುತ್ತದೆ.

ಇನ್ನು ಡಿಸ್ಕ್. ಯುಎಸ್‌ಬಿ ರೆಕಾರ್ಡಿಂಗ್ ಬಾಕ್ಸ್‌ಗಳಲ್ಲಿ ಅನೇಕವು ಮೊದಲ ಸಲ ಚುಚ್ಚಿದಾಗ ಡಿಸ್ಕನ್ನು ತಮ್ಮ ರೀತಿಯಲ್ಲಿ ಫಾರ್ಮ್ಯಾಟ್ ಮಾಡುತ್ತವೆ. ಖಾಲಿ ಡಿಸ್ಕನ್ನೇ ಕೊಡಿ. ಎಚ್‌ಡಿ ಒಂದು ಗಂಟೆಗೆ 8 ಎಂಬಿಪಿಎಸ್ ಲೆಕ್ಕದಲ್ಲಿ 3.6 ಜಿಬಿ ಬೇಕು. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದ್ದು 500 ಮಿಲಿಆಂಪ್ ಮಾತ್ರ. ಡಿಸ್ಕ್ ತಿರುಗಲು ಶುರುವಾಗುವಾಗ ಅದಕ್ಕಿಂತ ಹೆಚ್ಚು ಎಳೆಯುತ್ತದೆ. ಟಿಕ್ ಟಿಕ್ ಸದ್ದು ಬಂದು ರೆಕಾರ್ಡಿಂಗ್ ಅರ್ಧಕ್ಕೆ ನಿಂತರೆ ಮೊದಲು ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಅನ್ನು ನಡುವೆ ಹಾಕಿ ನೋಡಿ. ಮಾಡಿದ ರೆಕಾರ್ಡಿಂಗ್ ಸಾಮಾನ್ಯವಾಗಿ ಆ ಬಾಕ್ಸ್‌ನಲ್ಲೇ ತೆರೆಯುತ್ತದೆ. ಕಂಪ್ಯೂಟರ್‌ಗೆ ಹಾಕಿದರೆ ಕಾಣಿಸುವುದಿಲ್ಲ, ಬಾಕ್ಸ್ ವಾಪಸ್ ಕೊಟ್ಟರೆ ಅದೂ ಹೋದಂತೆ.

ಫಾರ್ಮ್ಯಾಟ್ ಆಗಿಯೇಬಿಟ್ಟಿದ್ದರೆ ಬಾಕ್ಸ್‌ನ ಪ್ಲಗ್ ಆಫ್ ಮಾಡಿ, ಡಿಸ್ಕ್ ತೆಗೆದಿಡಿ. ಒಂದು ನಿಮಿಷವೂ ರೆಕಾರ್ಡ್ ಮಾಡಬೇಡಿ. ಹೊಸದು ಮೇಲೆ ಬರೆಯದಿದ್ದರೆ ಹಳೆ ವಿಡಿಯೊದಲ್ಲಿ ಒಂದಿಷ್ಟನ್ನಾದರೂ ರಿಕವರಿ ಸಾಫ್ಟ್‌ವೇರ್‌ನಿಂದ ಎತ್ತಬಹುದು. ಸಿಕ್ಕಿದ ಫೈಲ್‌ಗಳನ್ನು ಉಳಿಸುವುದು ಬೇರೆ ಡಿಸ್ಕ್‌ಗೆ, ಅದೇ ಡಿಸ್ಕ್‌ಗಲ್ಲ.