ಕೈ ನೋವಿಗೆ ಕಾಲಿಗೆ ಔಷಧಿ: ನಾನು ಹಾಕಿಸಿದ ಕ್ವಿಕ್‌ಶಿಫ್ಟರ್

ನಾನು ಬೈಕಿಗೆ ಕ್ವಿಕ್‌ಶಿಫ್ಟರ್ ಹಾಕಿಸಿದ್ದು ರೇಸಿಗಲ್ಲ, ಎಡಗೈ ನೋವಿಗೆ. ವಿಜಯನಗರದಿಂದ ಬೊಮ್ಮನಹಳ್ಳಿಗೆ ದಿನಾ ಹೋಗಿ ಬರುವವನು. ಸಿಲ್ಕ್ ಬೋರ್ಡ್ ಮುಟ್ಟುವಷ್ಟರಲ್ಲಿ ಕ್ಲಚ್ ಎಷ್ಟು ಸಲ ಹಿಡಿದು ಬಿಡುತ್ತೇನೆ ಅಂತ ಒಂದು ದಿನ ಎಣಿಸಲು ಹೊರಟೆ. 200 ದಾಟಿದ ಮೇಲೆ ಲೆಕ್ಕ ತಪ್ಪಿತು, ಬಿಟ್ಟೆ. ಮನೆಗೆ ಬಂದು ನೀರಿನ ಚೊಂಬು ಎತ್ತಿದರೆ ಹೆಬ್ಬೆರಳ ಬುಡದಲ್ಲಿ ಚುಳ್ ಅನ್ನುತ್ತಿತ್ತು. ಅಂಥ ಹೊತ್ತಿನಲ್ಲಿ ಈ ಕಿಟ್ ಕಣ್ಣಿಗೆ ಬಿತ್ತು. ಡಬ್ಬಿಯ ಮೇಲೆ ‘ಕ್ಲಚ್ ಹಿಡಿಯದೆ ಗೇರ್ ಬದಲಿಸಿ’ ಎಂಬರ್ಥದ ಸಾಲು. ಅಷ್ಟನ್ನೇ ಓದಿ ದುಡ್ಡು ಕೊಟ್ಟೆ. ಫಿಟ್ಟಿಂಗ್ ಸೇರಿ 16,500.

ನನ್ನ ಬೈಕು 300 ಸಿಸಿ ಆಸುಪಾಸಿನದು, ಒಂದೇ ಸಿಲಿಂಡರ್, ಆರು ಗೇರು, ಎಕ್ಸಿಲೇಟರ್ ಇನ್ನೂ ಕೇಬಲ್‌ನದು. ಬೈಕಿನ ಹೆಸರೂ ಬೇಡ, ಕಿಟ್ಟಿನ ಹೆಸರೂ ಬೇಡ. ಮೂರು ತಿಂಗಳು, 2,800 ಕಿಲೋಮೀಟರ್ ಓಡಿಸಿ ಬರೆಯುತ್ತಿದ್ದೇನೆ.

ಕ್ಲಚ್ ಇಲ್ಲದೆ ಗೇರ್ ಹಾಕುವುದು ನನಗೆ ಹೊಸದೇನಲ್ಲ. 1995ರ ಮಳೆಗಾಲ. ಚಿಕ್ಕಪ್ಪನ ಆರ್‌ಎಕ್ಸ್ 100ರಲ್ಲಿ ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೊರಟಿದ್ದೆವು. ಮಂಡಗದ್ದೆ ಹತ್ತಿರ ಕ್ಲಚ್ ಕೇಬಲ್ ಪಟ್ ಅಂತು. ಎಣ್ಣೆ ಕಾಣದೆ ವರ್ಷ ಕಳೆದಿದ್ದ ಕೇಬಲ್ಲು, ತಪ್ಪು ನಮ್ಮದೇ. ಚಿಕ್ಕಪ್ಪ ನನ್ನನ್ನು ಮುಂದೆ ಕೂರಿಸಿ, ನ್ಯೂಟ್ರಲ್ಲಲ್ಲಿ ಕಿಕ್ ಹೊಡೆಸಿ, ಹಿಂದಿನಿಂದ ತಳ್ಳುತ್ತಾ ಓಡಿ ಬಂದರು. ‘ಈಗ ಒತ್ತು!’ ಅಂದಾಗ ಫಸ್ಟ್ ಒತ್ತಿದೆ. ಬೈಕು ಕರು ಜಿಗಿದ ಹಾಗೆ ಜಿಗಿಯಿತು, ಅವರು ಹಾರಿ ಹಿಂದೆ ಕೂತರು. ‘ಎಕ್ಸಿಲೇಟರ್ ಬಿಡ್ತಾ ಬಿಡ್ತಾ ಕಾಲೆತ್ತೋ, ತಾನಾಗೇ ಬೀಳ್ತದೆ’ ಅಂತ ಕಿವಿಯಲ್ಲಿ ಪಾಠ. ಮೊದಲ ಸಲ ಸೆಕೆಂಡಿನ ಬದಲು ನ್ಯೂಟ್ರಲ್ಲಿಗೆ ಬಿದ್ದು ಎಂಜಿನ್ ಕಿರುಚಿಕೊಂಡಿತು, ಮತ್ತೆ ಇಳಿದು ತಳ್ಳಾಟ. ಎರಡನೆಯ ಸಲ ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಬಿತ್ತು. ಆಮೇಲೆ ತೀರ್ಥಹಳ್ಳಿವರೆಗೂ ಎಲ್ಲೂ ನಿಲ್ಲಲಿಲ್ಲ. ನಿಲ್ಲಿಸಿದರೆ ಮತ್ತೆ ಚಿಕ್ಕಪ್ಪ ಓಡಬೇಕಲ್ಲ.

ಅದರ ಗುಟ್ಟು ಇಷ್ಟೇ. ಬೈಕಿನ ಗೇರ್‌ಬಾಕ್ಸಿನಲ್ಲಿ ಹಲ್ಲುಚಕ್ರಗಳು ಯಾವಾಗಲೂ ಒಂದಕ್ಕೊಂದು ಕಚ್ಚಿಕೊಂಡೇ ತಿರುಗುತ್ತಿರುತ್ತವೆ. ನಾವು ಗೇರ್ ಹಾಕಿದಾಗ ಜರುಗಿ ಸಿಕ್ಕಿಕೊಳ್ಳುವುದು ಅವುಗಳ ಪಕ್ಕೆಯಲ್ಲಿರುವ ಗಿಡ್ಡ ದಪ್ಪ ಹಲ್ಲುಗಳು. ಮೆಕ್ಯಾನಿಕ್‌ಗಳು ಡಾಗ್ ಅನ್ನುತ್ತಾರೆ. ಎಂಜಿನ್ ಜಗ್ಗುತ್ತಿರುವಷ್ಟು ಹೊತ್ತು ಈ ಡಾಗ್‌ಗಳು ಬಿಗಿಯಾಗಿ ಒತ್ತಿಕೊಂಡಿರುತ್ತವೆ, ಬಿಡಿಸಿಕೊಳ್ಳುವುದಿಲ್ಲ. ಜಗ್ಗುವುದು ಒಂದು ಕ್ಷಣ ನಿಂತರೆ ಸಡಿಲವಾಗಿ ಜಾರುತ್ತವೆ. ಆ ಒಂದು ಕ್ಷಣವನ್ನು ಚಿಕ್ಕಪ್ಪ ಮಣಿಕಟ್ಟಿನಲ್ಲಿ ಮಾಡಿಸಿದರು. ಕ್ವಿಕ್‌ಶಿಫ್ಟರ್ ಅದನ್ನೇ ಕರೆಂಟಿನಲ್ಲಿ ಮಾಡುತ್ತದೆ. ಪೆಡಲ್‌ನಿಂದ ಗೇರ್‌ಬಾಕ್ಸಿಗೆ ಹೋಗುವ ಗೇರ್ ರಾಡಿನಲ್ಲಿರುವ ಸೆನ್ಸರ್‌ಗೆ ಕಾಲಿನ ಒತ್ತಡ ತಿಳಿದ ಕೂಡಲೇ, ಎಂಜಿನ್ನಿಗೆ ಕಿಡಿ ಕೊಡುವ ಕಾಯಿಲ್‌ಗೆ ಹೋಗುವ ಕರೆಂಟು ಕಟ್. ನನ್ನ ಬೈಕಿಗೆ ಈಗ 65 ಮಿಲಿಸೆಕೆಂಡಿಗೆ ಇಟ್ಟಿದ್ದೇನೆ. ಕಣ್ಣು ಮಿಟುಕಿಸುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಹಾಕಿಸಿದ್ದು ಜೆ.ಸಿ. ರೋಡಿನ ಒಳಸಂದಿಯ ಒಂದು ಅಂಗಡಿಯಲ್ಲಿ. ಕಿಟ್ಟಿನಲ್ಲಿದ್ದದ್ದು ಬೆಂಕಿಪೊಟ್ಟಣದಷ್ಟು ದೊಡ್ಡ ಮಾಡ್ಯೂಲ್, ಕಿರುಬೆರಳಿನಷ್ಟು ದಪ್ಪದ ಸೆನ್ಸರ್, ಒಂದು ಗೊಂಚಲು ವೈರು. ಹಳೆಯ ಗೇರ್ ರಾಡ್ ಬಿಚ್ಚಿ ಆ ಜಾಗಕ್ಕೆ ಸೆನ್ಸರ್ ಕೂರಿಸಬೇಕು. ಇಲ್ಲೇ ಮೊದಲ ತೊಡಕು. ಗೇರ್ ರಾಡಿನ ಒಂದು ತುದಿಗೆ ಸಾಮಾನ್ಯ ಥ್ರೆಡ್, ಇನ್ನೊಂದು ತುದಿಗೆ ಉಲ್ಟಾ ಥ್ರೆಡ್. ರಾಡನ್ನು ತಿರುವಿದರೆ ಪೆಡಲ್ ಎತ್ತರ ಹೊಂದಿಸಲು ಬರಲಿ ಅಂತ ಆ ಏರ್ಪಾಟು. ಸೆನ್ಸರ್ ಜೋಡಿಸಲು ಕಿಟ್ಟಿನಲ್ಲಿ ಬಂದ ಎರಡೂ ಸ್ಟಡ್‌ಗಳು ಸಾಮಾನ್ಯ ಥ್ರೆಡ್ಡಿನವು. ಅಂಗಡಿಯ ಭಾಯ್ ಅದನ್ನು ಬೆಳಕಿಗೆ ಹಿಡಿದು ನೋಡಿ, ಏನೂ ಮಾತಾಡದೆ ಎದ್ದು ಹೋಗಿ, ಅರ್ಧ ಗಂಟೆ ಬಿಟ್ಟು ಲೇತ್‌ನಲ್ಲಿ ಕೊರೆಸಿದ ಸ್ಟಡ್ ಹಿಡಿದು ಬಂದರು. ಅದಕ್ಕೆ ಬೇರೆ ದುಡ್ಡು ಕೇಳಲಿಲ್ಲ. ನನ್ನ ಐದು ನಕ್ಷತ್ರ ಕಿಟ್ಟಿಗಲ್ಲ, ಆ ಮನುಷ್ಯನಿಗೆ.

ಎರಡನೆಯ ಎಡವಟ್ಟು ರಸ್ತೆಗೆ ಬಂದ ಮೇಲೆ. ಮಿನರ್ವ ಸರ್ಕಲ್ಲಿನ ಹತ್ತಿರ ಮೂರರಿಂದ ಎರಡಕ್ಕೆ ಇಳಿಸಿದರೆ ಎಂಜಿನ್ ಕೆಮ್ಮಿತು. ಏರಿಸುವಾಗ ಗೇರು ಕಲ್ಲಿನ ಹಾಗೆ ಗಟ್ಟಿ. ವಿಷಯ ಏನೆಂದರೆ, ಗೇರ್ ಏರಿಸುವಾಗ ಕೆಲವು ಬೈಕುಗಳಲ್ಲಿ ರಾಡು ತಳ್ಳಲ್ಪಡುತ್ತದೆ, ಕೆಲವದರಲ್ಲಿ ಎಳೆಯಲ್ಪಡುತ್ತದೆ. ನನ್ನದು ಎಳೆಯುವ ಜಾತಿ, ಸೆಟ್ಟಿಂಗ್ ತಳ್ಳುವ ಜಾತಿಗೆ ಇತ್ತು. ಮೊಬೈಲ್ ಆ್ಯಪ್‌ನಲ್ಲಿ ಒಂದು ಗುಂಡಿ ಒತ್ತಿದ ಮೇಲೆ ಸರಿಹೋಯಿತು.

ಸರಿ, ಕೆಲಸ ಮಾಡುತ್ತದೆಯೇ? ಹೆದ್ದಾರಿಯಲ್ಲಿ ಮಾಡುತ್ತದೆ, ಸೊಗಸಾಗಿ ಮಾಡುತ್ತದೆ. ನೆಲಮಂಗಲ ದಾಟಿ, ತುಮಕೂರು, ತಿಪಟೂರು, ಅರಸೀಕೆರೆ ಮಾರ್ಗವಾಗಿ ಊರಿಗೆ ಹೋದೆ. 6,000 ಆರ್‌ಪಿಎಂ ಮೇಲೆ, ಎಕ್ಸಿಲೇಟರ್ ತಿರುವಿದ್ದು ತಿರುವಿದ ಹಾಗೇ ಇಟ್ಟು ಕಾಲ್ಬೆರಳು ಎತ್ತಿದರೆ ‘ಟಪ್’ ಅಂತ ಒಂದು ಸದ್ದು, ಮುಂದಿನ ಗೇರು. ಕಬ್ಬಿನ ಲಾರಿ ಹಿಂದಿಕ್ಕುವಾಗ ಮೂರು, ನಾಲ್ಕು, ಐದು ಒಂದೇ ಉಸಿರಿಗೆ. ವಯಸ್ಸು ಐವತ್ತರ ಹತ್ತಿರ ಬಂದವನು ಹೆಲ್ಮೆಟ್ಟಿನೊಳಗೆ ಒಬ್ಬನೇ ನಕ್ಕೆ ಅಂತ ಒಪ್ಪಿಕೊಳ್ಳುತ್ತೇನೆ.

ಊರೊಳಗೆ ಕತೆ ಬೇರೆ. 3,000ದ ಕೆಳಗೆ, ಎಕ್ಸಿಲೇಟರ್ ಅರ್ಧಂಬರ್ಧ ತಿರುವಿದ್ದಾಗ ಗೇರ್ ಏರಿಸಿದರೆ ಬೈಕು ತಲೆ ಚಚ್ಚಿಕೊಂಡ ಹಾಗೆ ಜರ್ಕ್ ಹೊಡೆಯುತ್ತದೆ. ಚೈನ್ ಸ್ವಲ್ಪ ಸಡಿಲವಿದ್ದರಂತೂ ಇನ್ನೂ ಜೋರು. ಮೊದಲ ಭಾನುವಾರ ಹಿಂದೆ ಕೂತಿದ್ದ ಮನೆಯವಳು ‘ಏನ್ರೀ ಇದು, ಬೈಕಿಗೆ ಬಿಕ್ಕಳಿಕೆ ಬಂದಿದ್ಯಾ?’ ಅಂದಳು. ಇನ್ನೊಂದು ಕಿರಿಕಿರಿ: ಶೂ ತುದಿಯನ್ನು ಪೆಡಲ್ ಕೆಳಗೆ ಇಟ್ಟುಕೊಳ್ಳುವ ಚಾಳಿ ನನಗೆ. ಹಂಪ್ ಹಾರಿದಾಗ ಕಾಲು ತಗುಲಿ, ಸೆನ್ಸರ್ ಅದನ್ನೇ ಗೇರ್ ಅಂದುಕೊಂಡು ಎಂಜಿನ್ ಒಂದು ಕ್ಷಣ ಸುಮ್ಮನಾಗುತ್ತದೆ. ಮೊದಲ ಸಲ ಪೆಟ್ರೋಲ್ ಮುಗಿಯಿತು ಅಂತ ಗಾಬರಿಯಾಗಿದ್ದೆ.

ಗೇರ್ ಇಳಿಸುವಾಗ ಈ ಕಿಟ್ ಸಹಾಯಕ್ಕೆ ಬರುವುದಿಲ್ಲ. ಇಳಿಸುವಾಗ ಎಂಜಿನ್ ವೇಗ ಒಂದು ಗುಟುಕು ಏರಬೇಕು, ಅದಕ್ಕೆ ಎಕ್ಸಿಲೇಟರ್ ಕಂಪ್ಯೂಟರಿನ ಕೈಯಲ್ಲಿರಬೇಕು. 2023ರಲ್ಲಿ ಬಂದ ಟಿವಿಎಸ್ ಅಪಾಚೆ ಆರ್‌ಟಿಆರ್ 310ರ ಥರದ ಬೈಕುಗಳಲ್ಲಿ ಏರಿಸಲೂ ಇಳಿಸಲೂ ಕಂಪನಿಯೇ ಕೊಟ್ಟಿರುವ ಕ್ವಿಕ್‌ಶಿಫ್ಟರ್ ಇದೆ. ಕೇಬಲ್ ಎಕ್ಸಿಲೇಟರಿನವರು ಇಳಿಸುವಾಗ ಕ್ಲಚ್ ಹಿಡಿಯಲೇಬೇಕು, ಇಲ್ಲವೇ ನಮ್ಮ ಚಿಕ್ಕಪ್ಪನ ಶಿಷ್ಯರಾಗಬೇಕು.

ಮತ್ತೆ ಕೈ ನೋವು? ಒಂದು ಚೂರೂ ಕಮ್ಮಿಯಾಗಲಿಲ್ಲ. ಆಗುವುದು ಹೇಗೆ? ಸಿಲ್ಕ್ ಬೋರ್ಡಿನಲ್ಲಿ ನಾನು ಗೇರ್ ಬದಲಿಸುವುದೇ ಇಲ್ಲ! ಫಸ್ಟಿನಲ್ಲೇ ಹತ್ತಡಿ ಹೋಗು, ನಿಲ್ಲು, ಹತ್ತಡಿ ಹೋಗು. ಅಲ್ಲಿ ಕ್ಲಚ್ ಬೇಕಿರುವುದು ಎಂಜಿನ್ನನ್ನು ಚಕ್ರದಿಂದ ಬಿಡಿಸಲು. ಆ ಕೆಲಸಕ್ಕೆ ಕ್ವಿಕ್‌ಶಿಫ್ಟರ್ ಕೈ ಹಾಕುವುದೇ ಇಲ್ಲ. ಕ್ಲಚ್ ತೊಂದರೆಯೇ ಇಲ್ಲದ ಹೆದ್ದಾರಿಯಲ್ಲಿ ಅದನ್ನು ಉಳಿಸಿಕೊಡುತ್ತದೆ, ತೊಂದರೆ ಇರುವ ಕಡೆ ಕೈ ಎತ್ತುತ್ತದೆ. ನಮ್ಮ ಬೀದಿಯ ಗ್ಯಾರೇಜಿನ ಯಜಮಾನರಿಗೆ ಇದನ್ನು ಹೇಳಿದಾಗ ಅವರು ರಾಡಿನ ಕಡೆ ಬಗ್ಗಿ ನೋಡಿ, ‘ಕೈ ನೋವಿಗೆ ಕಾಲಿಗೆ ಔಷಧಿ ಹಚ್ಚಿಸ್ಕೊಂಡ್ ಬಂದಿದೀರಲ್ಲ ಸಾರ್’ ಅಂದರು. ಆಮೇಲೆ ಕ್ಲಚ್ ಲಿವರ್ ಎರಡು ಸಲ ಒತ್ತಿ ನೋಡಿ, ಕೇಬಲ್ ಬಿಚ್ಚಿದರು. ಹ್ಯಾಂಡಲ್ ಬುಡದಲ್ಲಿ ಅದು ಚೂಪಾಗಿ ಮಡಚಿಕೊಂಡು, ಒಳಗಿನ ತಂತಿಯ ನಾಲ್ಕು ಎಳೆ ಕಿತ್ತು ಮೀಸೆಯ ಹಾಗೆ ಎದ್ದಿದ್ದವು. ಹೊಸ ಕೇಬಲ್, ಒಂದಿಷ್ಟು ಎಣ್ಣೆ, ಮಡಿಕೆ ಬೀಳದ ಹಾಗೆ ದಾರಿ ಬದಲಾವಣೆ: ಒಟ್ಟು 450 ರೂಪಾಯಿ. ಈಗ ಎರಡೇ ಬೆರಳಲ್ಲಿ ಕ್ಲಚ್ ಹಿಡಿಯುತ್ತೇನೆ.

ಟ್ರಾಫಿಕ್ಕಿನ ಕ್ಲಚ್ಚಿನಿಂದಲೇ ಬಿಡುಗಡೆ ಬೇಕು ಅನ್ನುವವರು ಬೇರೆ ಕಡೆ ನೋಡಬೇಕು. ಹೋಂಡಾದವರು 1958ರ ಸೂಪರ್ ಕಬ್‌ನಲ್ಲೇ ಕ್ಲಚ್ ಲಿವರ್ ತೆಗೆದುಹಾಕಿದ್ದರು. ವೇಗಕ್ಕೆ ತಕ್ಕಂತೆ ತಾನೇ ಹಿಡಿದು ಬಿಡುವ ಕ್ಲಚ್ಚು, ಗೇರಿಗೆ ಮಾತ್ರ ಕಾಲು. ಅದೇ ಉಪಾಯದ ಹೀರೋ ಹೋಂಡಾ ಸ್ಟ್ರೀಟ್ ನಮ್ಮಲ್ಲೂ ಬಂದಿತ್ತು. ಸ್ಕೂಟರೂ ಅಲ್ಲ, ಬೈಕೂ ಅಲ್ಲ ಅಂತ ಜನ ಮೂಗು ಮುರಿದರು, ನಾನೂ ಮುರಿದಿದ್ದೆ. ಈಗ ಅದೇ ಹೋಂಡಾ ಸಿಬಿ 650 ಆರ್ ಬೈಕಿಗೆ ಇ-ಕ್ಲಚ್ ಕೊಟ್ಟಿದೆ. ಲಿವರ್ ಇದೆ, ಮುಟ್ಟದೆಯೂ ನಿಲ್ಲಿಸಿ ಹೊರಡಬಹುದು. ಬೆಲೆ ನನ್ನ ಬೈಕಿನ ಎಷ್ಟೋ ಪಟ್ಟು, ಆ ಮಾತು ಬಿಡಿ.

ಕಿಟ್ ತೆಗೆಸಿಲ್ಲ. 4,500 ಆರ್‌ಪಿಎಂ ಕೆಳಗೆ ಕೆಲಸ ಮಾಡದ ಹಾಗೆ ಆ್ಯಪ್‌ನಲ್ಲಿ ಇಟ್ಟಿದ್ದೇನೆ, ಬಿಕ್ಕಳಿಕೆ ನಿಂತಿದೆ. ಊರಿಗೆ ಹೋಗುವ ದಿನ ಮಾತ್ರ ಅದಕ್ಕೆ ಕೆಲಸ. ತಿಂಗಳಿಗೊಮ್ಮೆ ಹೆದ್ದಾರಿ ಹಿಡಿಯುವವರು, ಚೈನ್ ಸರಿಯಾಗಿ ಇಟ್ಟುಕೊಳ್ಳುವವರು, ಗೇರ್ ಪೆಡಲ್‌ಗೆ ರಾಡ್ ಇರುವ ಬೈಕಿನವರು ತಗೊಳ್ಳಬಹುದು. ವಾರಂಟಿ ಬಾಕಿ ಇದ್ದರೆ ವೈರ್ ಮುಟ್ಟಿಸುವ ಮುಂಚೆ ಸರ್ವಿಸ್‌ನವರನ್ನು ಕೇಳಿಕೊಳ್ಳಿ. ಹಳೆಯ ರಾಡನ್ನು ನಾನು ಪೇಪರಿನಲ್ಲಿ ಸುತ್ತಿ, 10 ನಂಬರ್ ಸ್ಪ್ಯಾನರ್ ಜತೆ ಸೀಟಿನ ಕೆಳಗೆ ಇಟ್ಟುಕೊಂಡಿದ್ದೇನೆ. ಜತೆಗೊಂದು ಕ್ಲಚ್ ಕೇಬಲ್ಲು. ಚಿಕ್ಕಪ್ಪನಿಗೆ ಈಗ ಎಪ್ಪತ್ತೆರಡು, ಓಡಿ ಬಂದು ತಳ್ಳುವ ಹಾಗಿಲ್ಲ.