ಇನ್ನಿಸ್ಟ್ರಾಡ್: ಎದುರಾಳಿ ಸುಮ್ನೆ ಕೂತರೆ ಭಯ ಹುಟ್ಟಿಸುವ ಸೆಟ್

ಕಾರ್ಡ್ ಆಟಕ್ಕೆ ಹಾರರ್ ಸೆಟ್ ಮಾಡುವುದೇನು ಕಷ್ಟ ಅಂತ ಅನ್ನಿಸಬಹುದು. ಕತ್ತಲೆ ತುಂಬಿದ ಚಿತ್ರ, ಒಂದಿಷ್ಟು ರಕ್ತ, ಹಲ್ಲು ಕಿರಿಯುವ ದೆವ್ವ ಇದ್ದರೆ ಆಯ್ತಲ್ಲ? ಆದರೆ ಚಿತ್ರದ ಹೆದರಿಕೆ ನಾಲ್ಕು ಆಟ ಕೂಡ ಬಾಳುವುದಿಲ್ಲ. ಅದೇ ಕಾರ್ಡ್ ಮತ್ತೆ ಮತ್ತೆ ಕೈಗೆ ಬಂದಾಗ ಯಾರೂ ದೆವ್ವದ ಮುಖ ನೋಡುವುದಿಲ್ಲ, ಕೆಳಗೆ ಮೂಲೆಯಲ್ಲಿರುವ ನಂಬರ್ ನೋಡುತ್ತಾರೆ. 'ಮ್ಯಾಜಿಕ್: ದ ಗ್ಯಾದರಿಂಗ್' ಆಟದ ಇನ್ನಿಸ್ಟ್ರಾಡ್ ಸೆಟ್ (ಒಟ್ಟಿಗೆ ಹೊರಬರುವ ಕಾರ್ಡ್‌ಗಳ ಕಂತು) ಬಂದದ್ದು 2011ರ ಸೆಪ್ಟೆಂಬರ್ 30ರಂದು. ಒಟ್ಟು 264 ಕಾರ್ಡ್. ವರ್ಷಗಟ್ಟಲೆ ಆಡಿ ಅದರ ಚಿತ್ರಗಳೆಲ್ಲ ನನಗೆ ಬಾಯಿಪಾಠ ಆಗಿವೆ. ಆದರೂ ಎದುರಾಳಿ ಆರು ಲ್ಯಾಂಡ್ (ಬೇರೆ ಕಾರ್ಡ್ ಆಡಲು ಬೇಕಾದ ಮನಾ ಅನ್ನುವ ಶಕ್ತಿ ಕೊಡುವ ಕಾರ್ಡ್) ಇಟ್ಟುಕೊಂಡು, ಏನೂ ಆಡದೆ, "ನಿನ್ನ ಟರ್ನ್" ಅಂದರೆ ಇವತ್ತಿಗೂ ಎದೆ ಧಸಕ್ ಅನ್ನುತ್ತದೆ.

ಅದಕ್ಕೆ ಕಾರಣ ವೇರ್‌ವುಲ್ಫ್‌ಗಳು. ಈ ಕಾರ್ಡ್‌ಗಳಿಗೆ ಮ್ಯಾಜಿಕ್‌ನ ಮಾಮೂಲಿ ಕಂದು ಬೆನ್ನು ಇಲ್ಲ, ಎರಡೂ ಕಡೆ ಮುಖ. ಒಂದು ಕಡೆ ಹಗಲಿನ ಮನುಷ್ಯ, ಇನ್ನೊಂದು ಕಡೆ ರಾತ್ರಿಯ ತೋಳ. ನಿಯಮ ತೀರಾ ಚಿಕ್ಕದು. ಒಂದು ಟರ್ನ್‌ನಲ್ಲಿ ಯಾರೂ ಒಂದೂ ಸ್ಪೆಲ್ (ಲ್ಯಾಂಡ್ ಬಿಟ್ಟು ಬೇರೆ ಕಾರ್ಡ್) ಆಡದಿದ್ದರೆ ಮುಂದಿನ ಟರ್ನ್ ಶುರುವಾಗುವಾಗ ಮನುಷ್ಯ ತೋಳವಾಗುತ್ತಾನೆ. ಯಾರಾದರೂ ಒಬ್ಬರು ಒಂದೇ ಟರ್ನ್‌ನಲ್ಲಿ ಎರಡು ಸ್ಪೆಲ್ ಆಡಿದರೆ ತೋಳ ಮತ್ತೆ ಮನುಷ್ಯನಾಗುತ್ತದೆ. 'ವಿಲೇಜರ್ಸ್ ಆಫ್ ಎಸ್ಟ್‌ವಾಲ್ಡ್' ಅನ್ನುವ ಸಾದಾ ಕಾಮನ್ ಕಾರ್ಡ್ ಹಗಲಲ್ಲಿ 2/3, ಅಂದರೆ ಹೊಡೆಯುವ ಬಲ 2, ತಾಳುವ ಬಲ 3. ತಿರುಗಿಸಿದರೆ 4/6. 'ರೆಕ್‌ಲೆಸ್ ವೇಫ್' ಒಂದೇ ಮನಾಗೆ ಬರುವ 1/1 ಹುಡುಗಿ, ರಾತ್ರಿಯಾದರೆ 3/2.

ಇದರಿಂದ ಆಟದ ನಡೆಯೇ ಬದಲಾಗುತ್ತದೆ. ಬೇರೆ ಸೆಟ್‌ಗಳಲ್ಲಿ ಎದುರಾಳಿ ಏನೂ ಆಡದಿದ್ದರೆ ಖುಷಿ ಪಡುತ್ತೇವೆ. ಪಾಪ, ಕೈಯಲ್ಲಿ ಏನೂ ಇಲ್ಲ ಅಂದುಕೊಳ್ಳುತ್ತೇವೆ. ಇಲ್ಲಿ ಅವನು ಬೇಕಂತಲೇ ಸುಮ್ಮನಿರುತ್ತಾನೆ. ಒಂದು ಟರ್ನ್ ಕೈಬಿಟ್ಟು ತನ್ನ ಹಳ್ಳಿಗರನ್ನೆಲ್ಲ ತೋಳ ಮಾಡಿಕೊಳ್ಳುತ್ತಾನೆ. ಅದನ್ನು ತಡೆಯಬೇಕಾದರೆ ಅವನ ಟರ್ನ್‌ನಲ್ಲಿ ನಾವೇ ಏನಾದರೂ ಆಡಬೇಕು. ಹಾಗಾಗಿ ಯಾರ ಟರ್ನ್‌ನಲ್ಲಿ ಬೇಕಾದರೂ ಆಡಬಹುದಾದ ಅಗ್ಗದ ಇನ್‌ಸ್ಟಂಟ್ ಸ್ಪೆಲ್ ಒಂದನ್ನು, ಕರೆಂಟ್ ಹೋದಾಗ ಬೇಕಾಗುತ್ತೆ ಅಂತ ಮೇಣದಬತ್ತಿ ಎತ್ತಿಡುವ ಹಾಗೆ, ಕೈಯಲ್ಲಿ ಇಟ್ಟುಕೊಂಡಿರುತ್ತೇವೆ. ಅದನ್ನು ಈಗ ಉರಿಸಬೇಕಾ, ಇನ್ನೊಂದು ಟರ್ನ್ ಕಾಯಬೇಕಾ? ಈ ಲೆಕ್ಕಾಚಾರದಲ್ಲೇ ತಲೆ ಬಿಸಿಯಾಗುತ್ತದೆ. ಕೈಯಲ್ಲಿ ಕಾರ್ಡ್ ಮುಗಿದವನಿಗೆ ರಾತ್ರಿ ಬೇಗ ಆಗುತ್ತದೆ. ಒಮ್ಮೆ ರಾತ್ರಿಯಾದ ಮೇಲೆ ಒಂದೇ ಟರ್ನ್‌ನಲ್ಲಿ ಎರಡು ಸ್ಪೆಲ್ ಆಡಿ ಬೆಳಕು ತರುವಷ್ಟು ಕಾರ್ಡ್ ಅವನ ಹತ್ತಿರ ಎಲ್ಲಿರುತ್ತದೆ?

ಈ ಸೆಟ್ಟಿನ ವಿನ್ಯಾಸ ನಡೆಸಿದ್ದು ಮಾರ್ಕ್ ರೋಸ್‌ವಾಟರ್. 1993ರಲ್ಲಿ ಮ್ಯಾಜಿಕ್ ಆಟವನ್ನೇ ಹುಟ್ಟುಹಾಕಿದ ರಿಚರ್ಡ್ ಗಾರ್ಫೀಲ್ಡ್ ಕೂಡ ಆ ತಂಡದಲ್ಲಿದ್ದರು. ಆಡುತ್ತಾ ಹೋದಂತೆ ಅವರ ಒಂದು ಹಟ ಕಾಣುತ್ತದೆ. ಹೆದರಿಕೆಯನ್ನು ಚಿತ್ರಕ್ಕೆ ಬಿಟ್ಟಿಲ್ಲ, ನಿಯಮದೊಳಗೆ ಇಟ್ಟಿದ್ದಾರೆ.

ನನಗೆ ತುಂಬ ಇಷ್ಟದ ಕಾರ್ಡ್ 'ಸಿವಿಲೈಸ್ಡ್ ಸ್ಕಾಲರ್'. ಮೂರು ಮನಾದ ನೀಲಿ ಕ್ರೀಚರ್ (ಕಾದಾಡುವ ಜೀವಿ), 1/1, ಸಭ್ಯ ವಿದ್ವಾಂಸ. ಅವನನ್ನು ಟ್ಯಾಪ್ ಮಾಡಿದರೆ, ಅಂದರೆ ಬಳಸಿದ ಗುರುತಿಗೆ ಅಡ್ಡ ತಿರುಗಿಸಿಟ್ಟರೆ, ಒಂದು ಕಾರ್ಡ್ ಎಳೆದು ಒಂದು ಕಾರ್ಡ್ ಬಿಸಾಡಬೇಕು. ಓದುವವನ ಕೆಲಸ, ಯಾರಿಗೂ ತೊಂದರೆ ಇಲ್ಲ. ಆದರೆ ಬಿಸಾಡಿದ್ದು ಕ್ರೀಚರ್ ಕಾರ್ಡ್ ಆಗಿದ್ದರೆ ಅವನು ಅನ್‌ಟ್ಯಾಪ್ ಆಗಿ, ತಿರುಗಿ, 5/1 'ಹೊಮಿಸೈಡಲ್ ಬ್ರೂಟ್' ಆಗುತ್ತಾನೆ. ಆ ಟರ್ನ್‌ನಲ್ಲಿ ದಾಳಿ ಮಾಡದೇ ಇದ್ದರೆ ಟರ್ನ್ ಮುಗಿಯುವಾಗ ಟ್ಯಾಪ್ ಆಗಿ ಮತ್ತೆ ವಿದ್ವಾಂಸನ ವೇಷಕ್ಕೆ ಮರಳುತ್ತಾನೆ. ಹೊಡೆಯುತ್ತಾ ಇರುವವರೆಗೆ ಮಾತ್ರ ರಾಕ್ಷಸ, ಸುಮ್ಮನಾದರೆ ಮೇಷ್ಟ್ರು. ಕಥೆ ಹೇಳುವ ಒಂದು ಸಾಲೂ ಕಾರ್ಡಿನಲ್ಲಿ ಬೇಕಾಗಿಲ್ಲ. ಆಡಿಸುವ ನಮಗೂ ಆ ಚಟ ಅಂಟುತ್ತದೆ. ಯಾವ ಕ್ರೀಚರ್ ಬಿಸಾಡಿದರೆ ಇವನು ಎದ್ದಾನು ಅಂತ ಕೈಯಲ್ಲಿರುವ ಒಳ್ಳೊಳ್ಳೆ ಕಾರ್ಡ್‌ಗಳನ್ನೇ ಆಸೆಗಣ್ಣಿಂದ ನೋಡಲು ಶುರು ಮಾಡುತ್ತೇವೆ.

'ಲುಡೆವಿಕ್ಸ್ ಟೆಸ್ಟ್ ಸಬ್ಜೆಕ್ಟ್' ಇನ್ನೊಂದು. ಎರಡು ಮನಾದ 0/3 ಮೊಟ್ಟೆ, ದಾಳಿ ಮಾಡಲಾಗದು. ಪ್ರತಿ ಎರಡು ಮನಾಗೆ ಒಂದು ಕೌಂಟರ್ (ಕಾರ್ಡಿನ ಮೇಲಿಡುವ ಗುರುತಿನ ಬಿಲ್ಲೆ). ಐದು ಕೌಂಟರ್ ಆದರೆ ಒಡೆದು 13/13 ಆಗಿ ಹೊರಬರುತ್ತದೆ. ಎದುರಾಳಿಯ ಮೊಟ್ಟೆ ಮೇಲೆ ಮೂರು ಕೌಂಟರ್ ಕೂತಿದ್ದಾಗ ಆಟದ ಉಳಿದ ಮೂಲೆಗಳತ್ತ ನಮ್ಮ ಗಮನವೇ ಹೋಗುವುದಿಲ್ಲ. ಅಂದಹಾಗೆ ಈ ಸೆಟ್ಟಿನವರಿಗೆ 13ರ ಮೇಲೆ ವಿಪರೀತ ಪ್ರೀತಿ. 'ಬ್ಲಾಸ್ಫಿಮಸ್ ಆ್ಯಕ್ಟ್' ಎಲ್ಲ ಕ್ರೀಚರ್‌ಗಳಿಗೂ 13 ಡ್ಯಾಮೇಜ್ ಕೊಡುತ್ತದೆ. 'ಟ್ರೀ ಆಫ್ ರಿಡೆಂಪ್ಶನ್' 0/13. ಆಮೇಲೆ 2016ರಲ್ಲಂತೂ ಯಾರ ಜೀವದ ಅಂಕ ಸರಿಯಾಗಿ 13ಕ್ಕೆ ಬಂದು ನಿಲ್ಲುತ್ತದೋ ಅವರು ಸೋಲುವ 'ಟ್ರಿಸ್ಕೈಡೆಕಫೋಬಿಯಾ' ಕಾರ್ಡನ್ನೇ ತಂದರು.

ಗ್ರೇವ್‌ಯಾರ್ಡ್ (ಸತ್ತ, ಬಳಸಿದ, ಬಿಸಾಡಿದ ಕಾರ್ಡ್‌ಗಳ ರಾಶಿ) ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ವರ್ಷಗಳ ಬಳಕೆಯಲ್ಲೂ ಈ ಸೆಟ್ ಹಳತಾಗದಿರಲು ಅರ್ಧ ಕಾರಣ ಅದು. ಸಾಮಾನ್ಯ ಆಟದಲ್ಲಿ ಸತ್ತ ಕಾರ್ಡ್ ಸತ್ತ ಹಾಗೆ. ಇಲ್ಲಿ ಫ್ಲ್ಯಾಶ್‌ಬ್ಯಾಕ್ ಇರುವ ಸ್ಪೆಲ್ ಅನ್ನು ಗ್ರೇವ್‌ಯಾರ್ಡ್‌ನಿಂದ ಇನ್ನೊಮ್ಮೆ ಆಡಬಹುದು. ಆ ಟರ್ನ್‌ನಲ್ಲಿ ಯಾವುದಾದರೂ ಕ್ರೀಚರ್ ಸತ್ತಿದ್ದರೆ ಮಾರ್ಬಿಡ್ ಕಾರ್ಡ್‌ಗಳಿಗೆ ಬಲ ಹೆಚ್ಚು. ಮೂರು ಡ್ಯಾಮೇಜ್ ಕೊಡುವ 'ಬ್ರಿಮ್‌ಸ್ಟೋನ್ ವಾಲಿ' ಒಂದು ಸಾವಾದ ಮೇಲೆ ಐದು ಕೊಡುತ್ತದೆ. ನೀಲಿ ಬಣ್ಣದ ಝಾಂಬಿಗಳು ಹೆಣಗಳನ್ನು ಹೊಲಿದು ಮಾಡಿದವು. ಹಾಗಾಗಿ 'ಸ್ಟಿಚ್ಡ್ ಡ್ರೇಕ್' ಆಡಬೇಕಾದರೆ ಮನಾ ಜೊತೆಗೆ ನಿಮ್ಮ ಗ್ರೇವ್‌ಯಾರ್ಡ್‌ನಿಂದ ಒಂದು ಕ್ರೀಚರನ್ನೂ ಖರ್ಚು ಮಾಡಬೇಕು. ಹೆಣ ಇಲ್ಲದೆ ಹೊಲಿಯುವುದಾದರೂ ಏನನ್ನು?

ಇದೆಲ್ಲ ಒಟ್ಟು ಸೇರುವುದು 'ಸ್ಪೈಡರ್ ಸ್ಪಾನಿಂಗ್'ನಲ್ಲಿ. ಗ್ರೇವ್‌ಯಾರ್ಡ್‌ನಲ್ಲಿ ಎಷ್ಟು ಕ್ರೀಚರ್ ಕಾರ್ಡ್ ಇದೆಯೋ ಅಷ್ಟು 1/2 ಜೇಡಗಳು. ಐದು ಮನಾಗೆ ಒಮ್ಮೆ, ಏಳು ಮನಾಗೆ ಫ್ಲ್ಯಾಶ್‌ಬ್ಯಾಕ್ ಆಗಿ ಇನ್ನೊಮ್ಮೆ. ಡ್ರಾಫ್ಟ್‌ನಲ್ಲಿ (ಪ್ಯಾಕ್ ಒಡೆದು ಒಂದು ಕಾರ್ಡ್ ಆರಿಸಿ, ಉಳಿದದ್ದನ್ನು ಪಕ್ಕದವನಿಗೆ ದಾಟಿಸುತ್ತಾ ಡೆಕ್ ಕಟ್ಟುವ ಆಟ) ಇದನ್ನು ನಂಬಿ ಆಡುವವನು ತನ್ನ ಡೆಕ್ಕನ್ನೇ ಬೇಕಂತ ಗ್ರೇವ್‌ಯಾರ್ಡ್‌ಗೆ ಸುರಿಯುತ್ತಿರುತ್ತಾನೆ. 'ಆರ್ಮರ್ಡ್ ಸ್ಕಾಬ್' ಬಂದರೆ ನಾಲ್ಕು ಕಾರ್ಡ್ ಕೆಳಗೆ, 'ಮಲ್ಚ್' ಆಡಿದರೆ ಇನ್ನೊಂದಿಷ್ಟು. ಎದುರು ಕೂತವನಿಗೆ ಟೇಬಲ್ ಮೇಲೆ ಏನೂ ಕಾಣುವುದಿಲ್ಲ. ಗೆಲ್ಲುತ್ತಿದ್ದೇನೆ ಅಂದುಕೊಂಡೇ ಹೊಡೆಯುತ್ತಾನೆ. ಆಮೇಲೆ ಒಂದೇ ಏಟಿಗೆ ಹತ್ತು ಜೇಡ ಎದ್ದು ಬರುತ್ತವೆ. ಎದುರಿನ ಗ್ರೇವ್‌ಯಾರ್ಡ್ ರಾಶಿ ದಪ್ಪವಾಗುತ್ತಿದ್ದರೆ ಎತ್ತಿ ಎಣಿಸಿ ನೋಡುವ ಅಭ್ಯಾಸ ನನಗೆ ಬಂದದ್ದು ಈ ಕಾರ್ಡಿನಿಂದ. ಬೇರೆ ಸೆಟ್ ಆಡುವಾಗಲೂ ಅದು ಹೋಗಿಲ್ಲ.

ಡ್ರಾಫ್ಟ್ ಮಾಡುವಾಗ ಇನ್ನೊಂದು ಮಜಾ ಇದೆ. ಎರಡು ಮುಖದ ಕಾರ್ಡ್ ಪ್ರತಿ ಪ್ಯಾಕ್‌ನಲ್ಲೂ ಒಂದಿರುತ್ತದೆ. ಅದಕ್ಕೆ ಬೆನ್ನು ಇಲ್ಲದ್ದರಿಂದ ಮುಚ್ಚಿಡಲು ಆಗುವುದಿಲ್ಲ. ಪಕ್ಕದವನು ಯಾವುದನ್ನು ಎತ್ತಿಕೊಂಡ, ಯಾವುದನ್ನು ದಾಟಿಸಿದ ಅಂತ ಇಡೀ ಟೇಬಲ್‌ಗೆ ಗೊತ್ತಾಗುತ್ತದೆ. 'ಮೇಯರ್ ಆಫ್ ಅವಾಬ್ರುಕ್'ನಂಥ ಬಲವಾದ ವೇರ್‌ವುಲ್ಫ್ ತೆಗೆದುಕೊಂಡವನ ಮೇಲೆ ಆಮೇಲೆ ಎಲ್ಲರ ಕಣ್ಣು. ಊರಿನೊಳಗೆ ತೋಳ ಯಾರು ಅಂತ ಪರಸ್ಪರ ಅನುಮಾನ ಪಡುವ ಆಟ ಡೆಕ್ ಕಟ್ಟುವ ಮೊದಲೇ ಶುರು.

ಇನ್ನು ದಿನನಿತ್ಯದ ಬಳಕೆಯ ವಿಷಯ. ಎರಡು ಮುಖದ ಕಾರ್ಡನ್ನೇ ಡೆಕ್‌ನಲ್ಲಿ ಇಟ್ಟರೆ ಸ್ಲೀವ್ (ಕಾರ್ಡಿಗೆ ಹಾಕುವ ಪ್ಲಾಸ್ಟಿಕ್ ಕವಚ) ಇಲ್ಲದೆ ಆಡಲು ಸಾಧ್ಯವೇ ಇಲ್ಲ, ಡೆಕ್‌ನಲ್ಲಿ ಮೇಲಿನ ಕಾರ್ಡ್ ಯಾವುದು ಅಂತ ಎಲ್ಲರಿಗೂ ಕಾಣುತ್ತದೆ. ಹಿಂಬದಿ ಪೂರ್ತಿ ಮುಚ್ಚುವ ಸ್ಲೀವ್ ಬೇಕು. ಅದರಲ್ಲೂ ಒಂದು ಕಿರಿಕಿರಿ ಇದೆ. ತೋಳ ಆಗುವಾಗೆಲ್ಲ ಕಾರ್ಡ್ ಹೊರಗೆಳೆದು ತಿರುಗಿಸಿ ಮತ್ತೆ ತುರುಕಬೇಕು. ಹೀಗೆ ಮಾಡಿ ಮಾಡಿ ನನ್ನ ವಿಲೇಜರ್ಸ್ ಕಾರ್ಡ್‌ಗಳ ಮೂಲೆಗಳು ಬೆಳ್ಳಗಾಗಿವೆ, ಸ್ಲೀವ್‌ಗಳ ಬಾಯಿ ಸೀಳಿದೆ. ಪ್ಯಾಕ್‌ಗಳಲ್ಲಿ ಇದಕ್ಕಂತಲೇ ಚೆಕ್‌ಲಿಸ್ಟ್ ಕಾರ್ಡ್ ಬರುತ್ತಿತ್ತು. ಸೆಟ್ಟಿನ 20 ಎರಡು ಮುಖದ ಕಾರ್ಡ್‌ಗಳ ಹೆಸರೂ ಅದರಲ್ಲಿರುತ್ತದೆ, ಬೇಕಾದ್ದಕ್ಕೆ ಪೆನ್ನಿನಲ್ಲಿ ಗುರುತು ಹಾಕಿ ಡೆಕ್‌ನಲ್ಲಿ ಇಡಬೇಕು. ನಿಜವಾದ ಕಾರ್ಡ್ ಪಕ್ಕದಲ್ಲಿ ಪಾರದರ್ಶಕ ಸ್ಲೀವ್‌ನಲ್ಲಿ ಕಾಯುತ್ತಿರಲಿ. ನೋಡಲು ಅಷ್ಟೇನೂ ಚಂದ ಇಲ್ಲ, ಆದರೆ ಕಾರ್ಡ್ ಬಾಳಿಕೆ ಬರಬೇಕಾದರೆ ಇದೇ ದಾರಿ.

ಹುಳುಕೂ ಇದೆ. 'ಇನ್‌ವಿಸಿಬಲ್ ಸ್ಟಾಕರ್' ಅಂತ ಎರಡು ಮನಾದ 1/1 ಮನುಷ್ಯ. ಅವನನ್ನು ಬ್ಲಾಕ್ ಮಾಡುವ ಹಾಗಿಲ್ಲ, ಎದುರಾಳಿ ಅವನನ್ನು ಟಾರ್ಗೆಟ್ ಮಾಡುವ ಹಾಗೂ ಇಲ್ಲ. ಕೈಗೆ 'ಬುಚರ್ಸ್ ಕ್ಲೀವರ್' ಅನ್ನುವ ಮಚ್ಚು ಕೊಟ್ಟರೆ 4/2 ಆಗುತ್ತಾನೆ, ಮನುಷ್ಯನಾದ್ದರಿಂದ ಹೊಡೆದಷ್ಟು ಜೀವವೂ ತುಂಬಿಕೊಳ್ಳುತ್ತದೆ. ಇದರ ಎದುರು ಕೂತರೆ ಭಯ ಅಲ್ಲ, ಬೇಜಾರು. ಮಾಡಲು ಏನಾದರೂ ಇದ್ದು ಸಾಕಾಗದೇ ಹೋದಾಗ ಹೆದರಿಕೆ ಬರುತ್ತದೆ. ಇಲ್ಲಿ ಮಾಡಲು ಏನೂ ಇರುವುದಿಲ್ಲ, ಸುಮ್ನೆ ಗಡಿಯಾರ ನೋಡುತ್ತಾ ಸಾಯಬೇಕು. 'ಟ್ರಾವೆಲ್ ಪ್ರಿಪರೇಷನ್ಸ್' ಕೂಡ ಹಾಗೇ. ಒಂದೇ ಕಾಮನ್ ಕಾರ್ಡ್, ಫ್ಲ್ಯಾಶ್‌ಬ್ಯಾಕ್ ಸೇರಿ ಎರಡು ಸಲಕ್ಕೆ ನಾಲ್ಕು ಮನಾ, ಕ್ರೀಚರ್‌ಗಳ ಬಲ ಹೆಚ್ಚಿಸುವ ನಾಲ್ಕು ಕೌಂಟರ್. ಹಸಿರು-ಬಿಳಿ ಡೆಕ್ ಇದನ್ನು ಮೂರನೇ ಟರ್ನ್‌ನಲ್ಲಿ ಆಡಿತೋ, ಗ್ರೇವ್‌ಯಾರ್ಡ್ ಕಟ್ಟುತ್ತಾ ಕೂತವನ ಕಥೆ ಮುಗಿಯಿತು. ನಮ್ಮ ಗುಂಪಿನ ಕ್ಯೂಬ್‌ನಿಂದ (ಡ್ರಾಫ್ಟ್‌ಗೆಂದು ನಾವೇ ಆರಿಸಿಟ್ಟ ಕಾರ್ಡ್‌ಗಳ ಸಂಗ್ರಹ) ಸ್ಟಾಕರ್‌ನನ್ನು ತೆಗೆದೇ ಬಿಟ್ಟಿದ್ದೇವೆ. ಪ್ರಿಪರೇಷನ್ಸ್ ಒಂದೇ ಪ್ರತಿ ಉಳಿದಿದೆ, ಅದರ ಮೇಲೆ ಜಗಳ ಇನ್ನೂ ನಡೆಯುತ್ತಿದೆ.

'ಸ್ನ್ಯಾಪ್‌ಕ್ಯಾಸ್ಟರ್ ಮೇಜ್', 'ಲಿಲಿಯಾನಾ ಆಫ್ ದ ವೇಲ್' ಹುಟ್ಟಿದ್ದು ಇಲ್ಲೇ. ಅವುಗಳ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ಆದರೆ 'ಡೆಲ್ವರ್ ಆಫ್ ಸೀಕ್ರೆಟ್ಸ್' ಬಗ್ಗೆ ಒಂದು ಮಾತು. ಒಂದು ಮನಾದ 1/1 ವಿಜ್ಞಾನಿ. ನಿಮ್ಮ ಟರ್ನ್ ಶುರುವಾಗುವಾಗ ಡೆಕ್‌ನ ಮೇಲಿನ ಕಾರ್ಡ್ ನೋಡಬಹುದು. ಅದು ಇನ್‌ಸ್ಟಂಟ್ ಅಥವಾ ಸಾರ್ಸರಿ (ತನ್ನ ಟರ್ನ್‌ನಲ್ಲಿ ಮಾತ್ರ ಆಡುವ ಸ್ಪೆಲ್) ಆಗಿದ್ದು, ತೋರಿಸಿದರೆ, ಅವನು 3/2 ಹಾರುವ ಕೀಟವಾಗುತ್ತಾನೆ. ಕಾಮನ್ ಕಾರ್ಡ್ ಆಗಿದ್ದರೂ ಹಳೆಯ ಕಾರ್ಡ್‌ಗಳೆಲ್ಲ ನಡೆಯುವ ಫಾರ್ಮ್ಯಾಟ್‌ಗಳಲ್ಲಿ ಇವನ ಹೆಸರಿನ ಡೆಕ್‌ಗಳೇ ಹುಟ್ಟಿಕೊಂಡವು. ಆದರೆ ಡ್ರಾಫ್ಟ್‌ನಲ್ಲಿ ಇವನಷ್ಟು ನಿರಾಸೆ ಕೊಡುವವನಿಲ್ಲ. ಡೆಕ್ ತುಂಬ ಕ್ರೀಚರ್‌ಗಳಿರುವಾಗ ತಿರುಗುವುದೇ ಇಲ್ಲ.

ಇನ್ನಿಸ್ಟ್ರಾಡ್ ಅನ್ನುವ ಆ ಲೋಕಕ್ಕೆ ಆಮೇಲಿನ ಸೆಟ್‌ಗಳಲ್ಲಿ ಮತ್ತೆ ಮತ್ತೆ ಮರಳಿದ್ದಾರೆ. 2012ರ ಫೆಬ್ರವರಿಯ ಡಾರ್ಕ್ ಅಸೆನ್ಷನ್ ತಂದ ಅನ್‌ಡೈಯಿಂಗ್ ನನಗೆ ಇಷ್ಟ. ಒಮ್ಮೆ ಸತ್ತದ್ದು +1/+1 ಕೌಂಟರ್ ಹೊತ್ತು ಎದ್ದು ಬರುತ್ತದೆ, ಕೊಲ್ಲುವ ಮೊದಲು ಎರಡು ಸಲ ಯೋಚಿಸಬೇಕು. ಅದೇ ಮೇ ತಿಂಗಳ ಅವಾಸಿನ್ ರಿಸ್ಟೋರ್ಡ್‌ನಲ್ಲಿ ಕಾವಲು ದೇವತೆ ಅವಾಸಿನ್ ಬಿಡುಗಡೆಯಾಗಿ ಬೆಳಕು ಹರಿಯುತ್ತದೆ. ಕಥೆಗೆ ಒಳ್ಳೆಯದು, ಆಟಕ್ಕೆ ಅಲ್ಲ. ಎರಡು ಮುಖದ ಕಾರ್ಡೂ ಇಲ್ಲ, ಫ್ಲ್ಯಾಶ್‌ಬ್ಯಾಕೂ ಇಲ್ಲ. ನನ್ನ ಪೆಟ್ಟಿಗೆಯಲ್ಲಿ ಅದರ ಕಾರ್ಡ್‌ಗಳು ಹೊಸದರಂತೆಯೇ ಇವೆ. 2016ರ ಎಲ್ಡ್ರಿಚ್ ಮೂನ್‌ನ ಮೆಲ್ಡ್ ಮಾತ್ರ ನಿಜಕ್ಕೂ ಮೈ ಜುಮ್ಮೆನ್ನಿಸುತ್ತದೆ. 'ಹ್ಯಾನ್‌ವಿಯರ್ ಬ್ಯಾಟಲ್‌ಮೆಂಟ್ಸ್' ಅನ್ನುವ ಲ್ಯಾಂಡ್, ಅದನ್ನು ಕಾಯುವ ಕಾವಲು ಪಡೆಯ ಕಾರ್ಡ್. ಎರಡನ್ನೂ ತಿರುಗಿಸಿ ಒಂದರ ಕೆಳಗೊಂದು ಜೋಡಿಸಿದರೆ, ಊರು ಮತ್ತು ಊರಿನವರು ಕರಗಿ ಒಂದೇ ದೇಹವಾದ ದೊಡ್ಡ ಕ್ರೀಚರ್. ಇಂಥ ಜೋಡಿ ಇಡೀ ಸೆಟ್‌ನಲ್ಲಿ ಮೂರೇ ಮೂರು. ಜಾಸ್ತಿ ಮಾಡದೇ ಇದ್ದದ್ದೇ ಒಳ್ಳೆಯದಾಯಿತು.

2021ರ ಮಿಡ್‌ನೈಟ್ ಹಂಟ್ ಬಗ್ಗೆ ನನ್ನ ತಕರಾರು ದೊಡ್ಡದು. ಅಲ್ಲಿ ಹಗಲು-ರಾತ್ರಿ ಇಡೀ ಟೇಬಲ್‌ಗೆ ಒಂದೇ. ಒಮ್ಮೆ ಶುರುವಾದರೆ, ತೋಳಗಳೆಲ್ಲ ಸತ್ತ ಮೇಲೂ ಆಟ ಮುಗಿಯುವ ತನಕ ಈಗ ಹಗಲಾ ರಾತ್ರಿಯಾ ಅಂತ ಲೆಕ್ಕ ಇಡುತ್ತಲೇ ಇರಬೇಕು. ಅದಾದರೂ ಹೋಗಲಿ. ರಾತ್ರಿ ಆಗುವುದಕ್ಕೆ ಟರ್ನ್ ಯಾರದ್ದೋ ಅವರು ಸ್ಪೆಲ್ ಆಡದಿದ್ದರೆ ಸಾಕು. ಎದುರಾಳಿ ಸುಮ್ಮನೆ ಕೂತಾಗ ನಾನು ಇನ್‌ಸ್ಟಂಟ್ ಉರಿಸಿ ಬೆಳಕು ಉಳಿಸಿಕೊಳ್ಳುವ ಆ ದಾರಿ ಮುಚ್ಚಿಹೋಯಿತು. ನಿಯಮ ಅಚ್ಚುಕಟ್ಟಾಯಿತು, ನಿಜ. ಆದರೆ ಕೈಯಲ್ಲಿ ಒಂದು ಕಾರ್ಡ್ ಬಿಗಿಯಾಗಿ ಹಿಡಿದು ಕೂರುವ ಆ ಒದ್ದಾಟ ಹೋಯಿತು.

2025ರ ಜನವರಿಯಲ್ಲಿ, ಹಳೆಯ ಕಾರ್ಡ್‌ಗಳನ್ನು ಮತ್ತೆ ಅಚ್ಚು ಹಾಕಿದ ಇನ್ನಿಸ್ಟ್ರಾಡ್ ರೀಮಾಸ್ಟರ್ಡ್ ಬಂದ ಮೇಲೆ ಈ ಎಲ್ಲ ಸೆಟ್‌ಗಳ ಕಾರ್ಡ್‌ಗಳನ್ನು ಒಟ್ಟಿಗೆ ಆಡುವವರು ಹೆಚ್ಚಾಗಿದ್ದಾರೆ. ಹೊಸದಾಗಿ ಶುರು ಮಾಡುವವರಿಗೆ ಒಂದೇ ಮಾತು. 2011ರ ತೋಳ ಮತ್ತು 2021ರ ತೋಳಗಳನ್ನು ಒಂದೇ ಡೆಕ್‌ಗೆ ಹಾಕಬೇಡಿ. ನೋಡಲು ಒಂದೇ ಥರ ಇರುತ್ತವೆ. ನನ್ನ ಟರ್ನ್‌ನಲ್ಲಿ ನಾನು ಏನೂ ಆಡದೆ, ಎದುರಿನವನು ಒಂದು ಇನ್‌ಸ್ಟಂಟ್ ಆಡಿದ ಅಂತಿಟ್ಟುಕೊಳ್ಳಿ. ಹೊಸ ತೋಳ ತಿರುಗುತ್ತದೆ, ಹಳೆಯದು ತಿರುಗುವುದಿಲ್ಲ. ಟೇಬಲ್ ಮೇಲೆ ಅರ್ಧ ಊರಿಗೆ ರಾತ್ರಿ, ಇನ್ನರ್ಧಕ್ಕೆ ಹಗಲು. ಆಮೇಲೆ ಆಡುವುದಕ್ಕಿಂತ ವಾದ ಮಾಡುವುದೇ ಜಾಸ್ತಿ ಆಗುತ್ತದೆ. ನಾವು ಎರಡನ್ನೂ ಬೇರೆ ಬೇರೆ ಪೆಟ್ಟಿಗೆಯಲ್ಲಿ ಇಟ್ಟಿದ್ದೇವೆ. ಆಡಲು ಕೂತಾಗ ಹೊರಗೆ ಬರುವುದು ಹೆಚ್ಚಾಗಿ ಹಳೆಯದೇ.