ತಾಣ ನಿಲ್ಲಿಸದೆ ಹೋಸ್ಟಿಂಗ್ ಬದಲಿಸುವ ನಾಲ್ಕು ದಾರಿಗಳು: ಒಂದು ಹೋಲಿಕೆ

ಜಾಲತಾಣವನ್ನು ಒಂದು ಹೋಸ್ಟಿಂಗ್‌ನಿಂದ (ತಾಣವನ್ನಿಟ್ಟು ಜನರಿಗೆ ತೋರಿಸುವ ಬಾಡಿಗೆಯ ಸರ್ವರ್‌ನಿಂದ) ಇನ್ನೊಂದಕ್ಕೆ ಒಯ್ಯುವಾಗ ಬಹಳ ಜನ ಕಡತಗಳ ನಕಲಿನ ಬಗ್ಗೆಯೇ ತಲೆ ಕೆಡಿಸಿಕೊಳ್ಳುತ್ತಾರೆ. ನನಗೆ ಕಂಡಂತೆ ನಕಲು ಈ ಕೆಲಸದ ಸುಲಭದ ಭಾಗ. ತೊಡಕೆಲ್ಲ ಇರುವುದು ಹಳೆಯ ಸರ್ವರ್ ಮತ್ತು ಹೊಸ ಸರ್ವರ್ ಎರಡೂ ಚಾಲ್ತಿಯಲ್ಲಿದ್ದು, ಬರುವವರಲ್ಲಿ ಕೆಲವರು ಅದಕ್ಕೂ ಕೆಲವರು ಇದಕ್ಕೂ ಹೋಗುವ ನಡುವಿನ ಅವಧಿಯಲ್ಲಿ. ಆ ಅವಧಿಯನ್ನು ಯಾವ ದಾರಿ ಎಷ್ಟು ಕುಗ್ಗಿಸುತ್ತದೆ, ಆ ಹೊತ್ತಿನಲ್ಲಿ ಬಂದ ಅರ್ಜಿ ಮತ್ತು ಆರ್ಡರ್‌ಗಳು ಯಾವ ಡೇಟಾಬೇಸ್ ಸೇರುತ್ತವೆ ಎಂಬ ಎರಡು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು, ನಾನು ಬಳಸಿ ನೋಡಿದ ನಾಲ್ಕು ದಾರಿಗಳನ್ನು ಇಲ್ಲಿ ಹೋಲಿಸಿದ್ದೇನೆ. ತಾಣಗಳು ಮೂರು: ಕಲಬುರಗಿಯ ನೆಹರು ಗಂಜ್‌ನ ಬೇಳೆ ವ್ಯಾಪಾರಿಯೊಬ್ಬರದು, ಬೀದರಿನ ಬಿದ್ರಿ ಸಾಮಾನುಗಳ ಮಳಿಗೆಯದು, ಯಾದಗಿರಿಯ ಖಾಸಗಿ ಕಾಲೇಜೊಂದರದು. ಮೂರೂ ವರ್ಡ್‌ಪ್ರೆಸ್ ಎಂಬ ತಾಣ ಕಟ್ಟುವ ತಂತ್ರಾಂಶದ ಮೇಲೆ ನಡೆಯುತ್ತವೆ. ಆದರೆ ಮೊದಲನೆಯದರಲ್ಲಿ ಜನ ತೊಗರಿಬೇಳೆಯ ದರ ಓದಿ ಹೋಗುತ್ತಾರೆ, ಎರಡನೆಯದರಲ್ಲಿ ಕೊಳ್ಳುತ್ತಾರೆ, ಮೂರನೆಯದರಲ್ಲಿ ಪ್ರವೇಶದ ದಿನಗಳಲ್ಲಿ ಅರ್ಜಿ ತುಂಬುತ್ತಾರೆ.

ನಕಲಿನ ಮಾತನ್ನು ಬೇಗ ಮುಗಿಸುತ್ತೇನೆ. ಪ್ಲಗಿನ್ ಬಳಸಿ ಇಡೀ ತಾಣವನ್ನು ಒಂದೇ ಕಡತವಾಗಿ ಕಟ್ಟಿ ಒಯ್ಯುವುದು ಸಣ್ಣ ತಾಣಕ್ಕೆ ಸಾಕು. ಚಿತ್ರಗಳು ಹೆಚ್ಚಿದ್ದರೆ ಹೋಸ್ಟಿಂಗ್‌ನ ಅಪ್‌ಲೋಡ್ ಮಿತಿ ಅಡ್ಡ ಬರುತ್ತದೆ. ದೂರದಿಂದಲೇ ಸರ್ವರ್‌ಗೆ ಆಜ್ಞೆ ಕೊಡುವ ಎಸ್‌ಎಸ್‌ಎಚ್ ಪ್ರವೇಶವಿದ್ದರೆ, ಕಡತ ನಕಲಿಸುವ ಆರ್‌ಸಿಂಕ್ ಆಜ್ಞೆಗೆ ಸಾಟಿಯಿಲ್ಲ. ಮೊದಲು ನಿಧಾನವಾಗಿ ಎಲ್ಲವನ್ನೂ ನಕಲಿಸಿ, ಬದಲಾವಣೆಯ ಹೊತ್ತಿಗೆ ಮತ್ತೊಮ್ಮೆ ಅದೇ ಆಜ್ಞೆ ಕೊಟ್ಟರೆ ನಡುವೆ ಬದಲಾದ ಕಡತಗಳು ಮಾತ್ರ ಹೋಗುತ್ತವೆ. ನಕಲು ಸರ್ವರ್‌ನಿಂದ ಸರ್ವರ್‌ಗೆ ನೇರವಾಗಿ ನಡೆಯಬೇಕು, ಅದೂ ನಮ್ಮ ಸಂಪರ್ಕ ಕಡಿದರೂ ಸರ್ವರ್‌ನಲ್ಲಿ ಕೆಲಸ ಮುಂದುವರಿಸುವ ಟಿಮಕ್ಸ್ ಒಳಗೆ ನಡೆಯಬೇಕು. ಆಗ ನಮ್ಮ ಕಡೆ ಕರೆಂಟ್ ಹೋದರೂ, ಬ್ರಾಡ್‌ಬ್ಯಾಂಡ್ ಕಡಿದರೂ ಕೆಲಸ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಕಲಬುರಗಿಯಲ್ಲಿ ಕುಳಿತು ಇಂಥ ಕೆಲಸ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲನೆಯ ದಾರಿ ನೇಮ್‌ಸರ್ವರ್ ಬದಲಾವಣೆ, ಅಂದರೆ ಡೊಮೇನ್ ಹೆಸರಿಗೆ ಯಾವ ಐಪಿ ವಿಳಾಸ ಎಂದು ಉತ್ತರಿಸುವ ಸರ್ವರ್ ಬದಲಿಸುವುದು. ಹೊಸ ಹೋಸ್ಟಿಂಗ್‌ನವರು ಸಾಮಾನ್ಯವಾಗಿ ಹೇಳುವುದು ಇದನ್ನೇ: ಡೊಮೇನ್ ಕೊಂಡ ಕಡೆ ನಮ್ಮ ಎರಡು ನೇಮ್‌ಸರ್ವರ್ ಹೆಸರು ಹಾಕಿ, ಉಳಿದದ್ದು ತಾನೇ ಆಗುತ್ತದೆ. ಕಾಲೇಜಿನ ತಾಣವನ್ನು ಹಂಚಿಕೆಯ ಹೋಸ್ಟಿಂಗ್‌ನಿಂದ ವಿಪಿಎಸ್‌ಗೆ (ಪೂರ್ತಿ ನಮ್ಮ ಹಿಡಿತದಲ್ಲಿರುವ ವರ್ಚುವಲ್ ಸರ್ವರ್‌ಗೆ) ತಂದಾಗ ಇದನ್ನೇ ಬಳಸಿದೆ. ಇದರ ದೊಡ್ಡ ಕೊರತೆಯೆಂದರೆ ಸಮಯದ ಹಿಡಿತ ನಮ್ಮ ಕೈಯಲ್ಲಿ ಇರುವುದಿಲ್ಲ. ಡಾಟ್ ಕಾಮ್ ಹೆಸರುಗಳ ನೇಮ್‌ಸರ್ವರ್ ಮಾಹಿತಿಯನ್ನು ಮೇಲಿನ ಹಂತದ ಸರ್ವರ್‌ಗಳು 1,72,800 ಸೆಕೆಂಡುಗಳ, ಅಂದರೆ ಪೂರ್ತಿ ಎರಡು ದಿನಗಳ ಅವಧಿ ಹಾಕಿ ಕೊಡುತ್ತವೆ. ನಾವು ನಮ್ಮ ವಲಯದಲ್ಲಿ (ಡೊಮೇನ್‌ನ ರೆಕಾರ್ಡ್‌ಗಳ ಪಟ್ಟಿಯಲ್ಲಿ) ಟಿಟಿಎಲ್, ಅಂದರೆ ಉತ್ತರವನ್ನು ನೆನಪಿಟ್ಟುಕೊಳ್ಳುವ ಅವಧಿ, ಎಷ್ಟೇ ಇಳಿಸಿದರೂ ಆ ಅಂಕಿ ಕದಲುವುದಿಲ್ಲ. ಎರಡನೆಯ ಕೊರತೆ ಇಮೇಲ್‌ನದು. ಹೊಸ ಹೋಸ್ಟಿಂಗ್ ತಾನಾಗಿ ಸೃಷ್ಟಿಸಿದ ವಲಯದಲ್ಲಿ, ಇಮೇಲ್ ಎಲ್ಲಿಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ರೆಕಾರ್ಡ್ ಅದೇ ಸರ್ವರ್‌ನ ಕಡೆ ಬೆರಳು ತೋರಿಸುತ್ತಿತ್ತು. ಕಾಲೇಜಿನ ಅಂಚೆ ಗೂಗಲ್ ವರ್ಕ್‌ಸ್ಪೇಸ್‌ನಲ್ಲಿದ್ದುದರಿಂದ, ಅದನ್ನು ಹಾಗೆಯೇ ಬಿಟ್ಟಿದ್ದರೆ ಪ್ರಾಂಶುಪಾಲರಿಗೆ ಬರಬೇಕಾದ ಪತ್ರಗಳು ಯಾರೂ ತೆರೆಯದ ಪೆಟ್ಟಿಗೆಗೆ ಬೀಳುತ್ತಿದ್ದವು. ಹಳೆಯ ವಲಯದ ಪ್ರತಿಯೊಂದು ರೆಕಾರ್ಡನ್ನು, ಇಮೇಲ್ ಅಸಲಿ ಎಂದು ತೋರಿಸುವ ಎಸ್‌ಪಿಎಫ್ ಮತ್ತು ಡಿಕಿಮ್ ಸಹಿತ, ಸಾಲು ಸಾಲಾಗಿ ಹೋಲಿಸಿ ಕೈಯಿಂದ ತುಂಬಿದ ಮೇಲೆಯೇ ನೇಮ್‌ಸರ್ವರ್ ಬದಲಿಸಿದೆ. ಅಷ್ಟೆಲ್ಲ ಕೆಲಸ ಮಾಡಿಯೂ ಎರಡು ದಿನ ಕಾಯಲೇಬೇಕೆಂದರೆ ಈ ದಾರಿಗೆ ನನ್ನ ಪಟ್ಟಿಯಲ್ಲಿ ಕೊನೆಯ ಸ್ಥಾನ.

ಎರಡನೆಯ ದಾರಿಯಲ್ಲಿ ಡಿಎನ್‌ಎಸ್ (ಹೆಸರಿನಿಂದ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಇದ್ದಲ್ಲಿಯೇ ಇರುತ್ತದೆ, ಎ ರೆಕಾರ್ಡ್‌ನಲ್ಲಿರುವ ಐಪಿ ವಿಳಾಸ ಮಾತ್ರ ಬದಲಾಗುತ್ತದೆ. ಎಂಎಕ್ಸ್ ರೆಕಾರ್ಡ್ ಬೇರೆ ಕಡೆ ತೋರಿಸುತ್ತಿದ್ದರೆ ಇಮೇಲ್‌ಗೆ ಏನೂ ಆಗುವುದಿಲ್ಲ. ಹೋಸ್ಟಿಂಗ್ ನಿಭಾಯಿಸುವ ಸಿಪ್ಯಾನೆಲ್‌ನಲ್ಲಿ ಟಿಟಿಎಲ್ ಸಾಮಾನ್ಯವಾಗಿ 14,400 ಸೆಕೆಂಡು, ಅಂದರೆ ನಾಲ್ಕು ಗಂಟೆ ಇರುತ್ತದೆ. ಅದನ್ನು 300ಕ್ಕೆ ಇಳಿಸಿ, ಹಳೆಯ ನಾಲ್ಕು ಗಂಟೆ ಪೂರ್ತಿ ಕಳೆದ ಮೇಲೆಯೇ ಐಪಿ ಬದಲಿಸಬೇಕು. ಎರಡನ್ನೂ ಒಟ್ಟಿಗೆ ಮಾಡಿದರೆ ಇಳಿಸಿದ್ದರಿಂದ ಲಾಭವಿಲ್ಲ, ಏಕೆಂದರೆ ಹಳೆಯ ಉತ್ತರವನ್ನು ಈಗಾಗಲೇ ನೆನಪಿಟ್ಟುಕೊಂಡ ರಿಸಾಲ್ವರ್‌ಗಳು (ನಮ್ಮ ಪರವಾಗಿ ವಿಳಾಸ ಕೇಳಿ ತಿಳಿಯುವ ಸರ್ವರ್‌ಗಳು) ಹಳೆಯ ಅವಧಿಯನ್ನೇ ಪಾಲಿಸುತ್ತವೆ. ಬೇಳೆ ವ್ಯಾಪಾರಿಯ ತಾಣಕ್ಕೆ ಇದು ಹೇಳಿ ಮಾಡಿಸಿದಂತಿತ್ತು. ಗಂಜ್‌ನ ವ್ಯವಹಾರ ಮುಗಿದ ಸಂಜೆ ವಿಳಾಸ ಬದಲಿಸಿದೆ. ಮರುದಿನ ಬೆಳಿಗ್ಗೆ ದರ ಹಾಕುವಾಗ ಸಾವ್ಕಾರರಿಗೆ ಬದಲಾವಣೆ ಆಗಿದೆ ಎಂಬುದೇ ತಿಳಿಯಲಿಲ್ಲ. ಅವರ ತಕರಾರು ಒಂದೇ ಆಗಿತ್ತು: "ಒಂದು ತಿಂಗಳು ಎರಡೂ ಕಡಿ ಬಾಡಿಗಿ ಯಾಕ ಕೊಡಬೇಕ್ರಿ?" ನಾಲ್ಕರಲ್ಲಿ ಯಾವ ದಾರಿ ಹಿಡಿದರೂ ಆ ಒಂದು ತಿಂಗಳ ಬಾಡಿಗೆ ತಪ್ಪುವುದಿಲ್ಲ.

ಈ ದಾರಿಯಲ್ಲಿ ಎಚ್ಚರ ವಹಿಸಬೇಕಾದ ಎರಡು ಜಾಗಗಳಿವೆ. ಒಂದು, ಐಪಿವಿ6 ವಿಳಾಸ ಹೇಳುವ ನಾಲ್ಕು ಎ ಅಕ್ಷರಗಳ ರೆಕಾರ್ಡ್. ಎ ರೆಕಾರ್ಡ್ ಬದಲಿಸಿ ಇದನ್ನು ಹಾಗೆಯೇ ಬಿಟ್ಟರೆ ಕಚೇರಿಯ ಬ್ರಾಡ್‌ಬ್ಯಾಂಡ್‌ನಲ್ಲಿ ಹೊಸ ತಾಣ ಕಾಣಿಸುತ್ತದೆ, ಜಿಯೋದಂತಹ ಐಪಿವಿ6 ಆಧಾರಿತ ಮೊಬೈಲ್ ಜಾಲದಲ್ಲಿ ಹಳೆಯದೇ ತೆರೆಯುತ್ತದೆ. ನಮ್ಮ ಭಾಗದಲ್ಲಿ ತಾಣ ನೋಡುವವರಲ್ಲಿ ಹೆಚ್ಚಿನವರು ಮೊಬೈಲ್‌ನವರೇ ಆಗಿರುವುದರಿಂದ ಇದು ಸಣ್ಣ ಸಂಗತಿಯಲ್ಲ. ಇನ್ನೊಂದು, ಎಸ್‌ಎಸ್‌ಎಲ್ ಪ್ರಮಾಣಪತ್ರ. ಇಂಥ ಪ್ರಮಾಣಪತ್ರವನ್ನು ಉಚಿತವಾಗಿ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಾಮಾನ್ಯ ವಿಧಾನದಲ್ಲಿ ಡೊಮೇನ್ ತೋರಿಸುವ ಸರ್ವರ್‌ಗೇ ಬಂದು ಪರೀಕ್ಷಿಸುತ್ತದೆ. ಡೊಮೇನ್ ಇನ್ನೂ ಹಳೆಯ ಕಡೆ ಇರುವಾಗ ಹೊಸ ಸರ್ವರ್‌ಗೆ ಪ್ರಮಾಣಪತ್ರ ಸಿಗುವುದಿಲ್ಲ. ಹೀಗಾಗಿ ಡಿಎನ್‌ಎಸ್ ಮೂಲಕ ಪರೀಕ್ಷೆ ಪಾಸಾಗಬೇಕು, ಇಲ್ಲವೇ ಹಳೆಯ ಪ್ರಮಾಣಪತ್ರವನ್ನೂ ಅದರ ಖಾಸಗಿ ಕೀಲಿಯನ್ನೂ ಮೊದಲೇ ಹೊಸ ಸರ್ವರ್‌ಗೆ ಒಯ್ಯಬೇಕು. ಪ್ರಮಾಣಪತ್ರ ಹೆಸರಿಗೆ ಕೊಟ್ಟದ್ದೇ ಹೊರತು ಯಂತ್ರಕ್ಕಲ್ಲ, ಆದ್ದರಿಂದ ಎರಡೂ ಕಡೆ ನಡೆಯುತ್ತದೆ. ಇಷ್ಟಾದ ಮೇಲೆ ನನ್ನ ಕಂಪ್ಯೂಟರಿನ ಹೋಸ್ಟ್ಸ್ ಕಡತದಲ್ಲಿ ಡೊಮೇನ್ ಮುಂದೆ ಹೊಸ ಐಪಿ ಬರೆದು, ಲೋಕಕ್ಕೆ ಕಾಣುವ ಮೊದಲೇ ತಾಣದ ಪುಟಗಳನ್ನೆಲ್ಲ ತೆರೆದು ನೋಡುತ್ತೇನೆ.

ಬಿದ್ರಿ ಮಳಿಗೆಗೆ ಇದೇ ದಾರಿ ಸಾಲದು. ಐದು ನಿಮಿಷದ ಟಿಟಿಎಲ್ ಇದ್ದರೂ ಅದನ್ನು ಗೌರವಿಸದ ರಿಸಾಲ್ವರ್‌ಗಳು ಇರುತ್ತವೆ, ಮತ್ತು ವರ್ಡ್‌ಪ್ರೆಸ್‌ನ ಮಾರಾಟದ ಪ್ಲಗಿನ್ ಆದ ವೂಕಾಮರ್ಸ್‌ನಲ್ಲಿ ಆರ್ಡರ್ ಸಂಖ್ಯೆ ಡೇಟಾಬೇಸ್ ತಾನಾಗಿ ಏರಿಸುವ ಸಂಖ್ಯೆ. ಎರಡೂ ಸರ್ವರ್‌ಗಳು ಆರ್ಡರ್ ತೆಗೆದುಕೊಂಡರೆ ಹೈದರಾಬಾದಿನವರ ಹೂದಾನಿಗೂ ಬೆಂಗಳೂರಿನವರ ಪಾನ್‌ದಾನಕ್ಕೂ ಒಂದೇ ಸಂಖ್ಯೆ ಬೀಳಬಹುದು. ಆ ಎರಡು ಡೇಟಾಬೇಸ್‌ಗಳನ್ನು ಆಮೇಲೆ ಬೆಸೆಯುವ ಕಷ್ಟ ಬೇಡವೇ ಬೇಡ. ಅಲ್ಲಿ ಮೂರನೆಯ ದಾರಿ ಹಿಡಿದೆ: ಬಂದ ಕೋರಿಕೆಗಳನ್ನು ತಾನು ಪಡೆದು ಸರ್ವರ್‌ಗೆ ದಾಟಿಸುವ ಕ್ಲೌಡ್‌ಫ್ಲೇರ್ ಎಂಬ ಸೇವೆಯನ್ನು ತಾಣದ ಮುಂದೆ ನಿಲ್ಲಿಸಿ, ಅದರ ಹಿಂದೆ ಸರ್ವರ್ ಬದಲಿಸುವುದು. ಇದಕ್ಕೂ ಒಮ್ಮೆ ನೇಮ್‌ಸರ್ವರ್ ಬದಲಿಸಬೇಕು ನಿಜ. ಆದರೆ ಆಗ ಸರ್ವರ್ ಬದಲಾಗಿರುವುದಿಲ್ಲವಾದ್ದರಿಂದ, ಹಳೆಯ ನೇಮ್‌ಸರ್ವರ್ ಕೇಳಿದವರೂ ಹೊಸದನ್ನು ಕೇಳಿದವರೂ ಕೊನೆಗೆ ಅದೇ ಸರ್ವರ್ ತಲುಪುತ್ತಾರೆ, ಎರಡು ದಿನ ಹಿಡಿದರೂ ನಷ್ಟವಿಲ್ಲ. ಅದು ನೆಲೆಗೊಂಡ ಮೇಲೆ ಹೊರಗಿನವರಿಗೆ ಕಾಣುವುದು ಕ್ಲೌಡ್‌ಫ್ಲೇರ್‌ನ ವಿಳಾಸ ಮಾತ್ರ. ಒಳಗಿನ ಐಪಿಯನ್ನು ಪ್ಯಾನೆಲ್‌ನಲ್ಲಿ ಬದಲಿಸಿದರೆ ಕೆಲವೇ ಸೆಕೆಂಡುಗಳಲ್ಲಿ ಎಲ್ಲರೂ ಹೊಸ ಸರ್ವರ್‌ಗೆ ಬರುತ್ತಾರೆ. ಹಿಂದಕ್ಕೆ ಹೋಗಬೇಕೆಂದರೂ ಅಷ್ಟೇ ಹೊತ್ತು ಸಾಕು, ಈ ಅನುಕೂಲ ಮೊದಲಿನ ಎರಡೂ ದಾರಿಗಳಲ್ಲಿ ಇಲ್ಲ.

ಆ ಬದಲಾವಣೆಗೆ ಮುಂಚೆ ಮಳಿಗೆಯ ಪುಟಗಳನ್ನು ತೆರೆದೇ ಇಟ್ಟು, ಹಣ ಕಟ್ಟುವ ಹಂತವನ್ನು ಮಾತ್ರ ಸ್ವಲ್ಪ ಹೊತ್ತು ತಡೆದು, ಡೇಟಾಬೇಸ್‌ನ ಕೊನೆಯ ಡಂಪ್ (ಪೂರ್ತಿ ನಕಲಿನ ಕಡತ) ತೆಗೆದು ಹೊಸ ಕಡೆ ತುಂಬಿದೆ. ಕನ್ನಡ ತಾಣಗಳವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್ ಬೇಕು; ಡಂಪ್ ತೆಗೆಯುವಾಗ ಅಥವಾ ತುಂಬುವಾಗ ಸಂಪರ್ಕದ ಅಕ್ಷರಗಣ ಒಂದು ಬೈಟನ್ನು ಒಂದು ಅಕ್ಷರವಾಗಿ ಓದುವ ಲ್ಯಾಟಿನ್1 ಎಂದಿದ್ದರೆ ಆ ಮೂರು ಬೈಟ್‌ಗಳು ಮೂರು ಬೇರೆ ಅಕ್ಷರಗಳಾಗಿ ಒಡೆಯುತ್ತವೆ. ತಾಲೀಮಿನ ನಕಲಿನಲ್ಲಿ "ಸುರಾಹಿ" ಎಂಬ ಶೀರ್ಷಿಕೆ ತಲೆಯ ಮೇಲೆ ಗೆರೆ ಹೊತ್ತ ರೋಮನ್ ಅಕ್ಷರಗಳ ಸಂತೆಯಾಗಿ ಕಂಡಿತು; ಇಂಗ್ಲಿಷ್ ಪುಟಗಳೆಲ್ಲ ಸರಿಯಾಗಿಯೇ ಇದ್ದವು. ಎರಡೂ ಕಡೆ ಯುಟಿಎಫ್8ಎಂಬಿ4 (ಡೇಟಾಬೇಸ್‌ನಲ್ಲಿ ಪೂರ್ಣ ಯುಟಿಎಫ್-8ರ ಹೆಸರು) ಎಂದು ಸ್ಪಷ್ಟವಾಗಿ ಹೇಳಿದ ಮೇಲೆ ನೆಟ್ಟಗಾಯಿತು.

ಕ್ಲೌಡ್‌ಫ್ಲೇರ್ ದಾರಿಗೂ ಷರತ್ತುಗಳಿವೆ. ಎಸ್‌ಎಸ್‌ಎಲ್ ವಿಧಾನವನ್ನು ಫ್ಲೆಕ್ಸಿಬಲ್‌ನಲ್ಲಿ (ಹಿಂದಿನ ಸರ್ವರ್ ಜೊತೆ ಎಚ್‌ಟಿಟಿಪಿಯಲ್ಲೇ ಮಾತಾಡುವಂತೆ) ಬಿಟ್ಟು, ಹಿಂದಿನ ಸರ್ವರ್ ಎಲ್ಲರನ್ನೂ ಎಚ್‌ಟಿಟಿಪಿಎಸ್‌ಗೆ ತಿರುಗಿಸುತ್ತಿದ್ದರೆ ತಾಣ ಸುತ್ತಿದಲ್ಲಿಯೇ ಸುತ್ತುತ್ತದೆ; ಅಲ್ಲಿಯೂ ಎಚ್‌ಟಿಟಿಪಿಎಸ್ ಬಳಸಿ ಪ್ರಮಾಣಪತ್ರ ಪರೀಕ್ಷಿಸುವ ಫುಲ್ ಸ್ಟ್ರಿಕ್ಟ್ ಇಡುವುದೇ ಸರಿ. ಉಚಿತ ಯೋಜನೆಯಲ್ಲಿ 100 ಎಂಬಿಗಿಂತ ದೊಡ್ಡ ಅಪ್‌ಲೋಡ್ ಸಾಗುವುದಿಲ್ಲ. ನಡುವೆ ಇನ್ನೊಂದು ಕಂಪನಿ ಬಂದು ಕೂರುತ್ತದೆ ಎಂಬುದೂ ಲೆಕ್ಕಕ್ಕೆ ಬರಬೇಕು. 2025ರ ನವೆಂಬರ್ 18ರಂದು ಕ್ಲೌಡ್‌ಫ್ಲೇರ್ ಕೈಕೊಟ್ಟಾಗ ಸ್ವಂತ ಸರ್ವರ್ ಚೆನ್ನಾಗಿದ್ದವರ ತಾಣಗಳೂ ತೆರೆಯಲಿಲ್ಲ. ಇಷ್ಟಾದರೂ ಮಾರಾಟದ ತಾಣಕ್ಕೆ, ಅದರಲ್ಲೂ ಹಂಚಿಕೆಯ ಹೋಸ್ಟಿಂಗ್‌ನಲ್ಲಿರುವವರಿಗೆ, ನಾನು ಇದನ್ನೇ ಹೇಳುತ್ತೇನೆ.

ನಾಲ್ಕನೆಯ ದಾರಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು, ಆದರೆ ಅದಕ್ಕೆ ಹಳೆಯ ಸರ್ವರ್‌ನ ಪೂರ್ಣ ಅಧಿಕಾರ ನಮ್ಮ ಕೈಯಲ್ಲಿರಬೇಕು. ಕಾಲೇಜಿನ ತಾಣವನ್ನು ಮುಂದೆ ಒಂದು ವಿಪಿಎಸ್‌ನಿಂದ ಇನ್ನೊಂದಕ್ಕೆ ಪ್ರವೇಶದ ಭರಾಟೆಯ ನಡುವೆಯೇ ಒಯ್ಯಬೇಕಾಯಿತು. ಕೊನೆಯ ನಕಲು ಮುಗಿದ ಕೂಡಲೇ ಹಳೆಯ ಸರ್ವರ್‌ನ ಎನ್‌ಜಿನ್‌ಎಕ್ಸ್‌ಗೆ (ಕೋರಿಕೆಗಳಿಗೆ ಉತ್ತರಿಸುವ ವೆಬ್ ಸರ್ವರ್ ತಂತ್ರಾಂಶಕ್ಕೆ), ಬಂದ ಪ್ರತಿಯೊಂದು ಕೋರಿಕೆಯನ್ನೂ ಹೊಸ ಸರ್ವರ್‌ಗೆ ದಾಟಿಸುವಂತೆ ನಾಲ್ಕಾರು ಸಾಲು ಬರೆದೆ. ಡಿಎನ್‌ಎಸ್ ಬದಲಿಸಿದ್ದು ಅದಾದ ಮೇಲೆ, ನಿಧಾನವಾಗಿ. ಹಳೆಯ ವಿಳಾಸಕ್ಕೆ ಬಂದವರೂ ಹೊಸ ವಿಳಾಸಕ್ಕೆ ಬಂದವರೂ ಒಂದೇ ಡೇಟಾಬೇಸ್‌ಗೆ ಅರ್ಜಿ ತುಂಬಿದರು. ಇಲ್ಲಿ ಹೋಸ್ಟ್ ಹೆಸರು, ಬಂದವರ ನಿಜವಾದ ಐಪಿ, ಎಚ್‌ಟಿಟಿಪಿಎಸ್ ಎಂಬ ಗುರುತು, ಈ ಮೂರನ್ನೂ ಕೋರಿಕೆಯ ಜೊತೆ ಹೋಗುವ ಹೆಡರ್ ಸಾಲುಗಳಲ್ಲಿ ಮುಂದಕ್ಕೆ ಕಳಿಸಬೇಕು. ಇನ್ನೊಂದು ಸಂಗತಿ ತಾಲೀಮಿನಲ್ಲಿಯೇ ಸಿಕ್ಕಿತು: ಮೊಬೈಲ್‌ನಲ್ಲಿ ತೆಗೆದ ಅಂಕಪಟ್ಟಿಯ ಚಿತ್ರ ಮೂರು ನಾಲ್ಕು ಎಂಬಿ ಇರುತ್ತದೆ, ಎನ್‌ಜಿನ್‌ಎಕ್ಸ್ ತಾನಾಗಿ ಒಪ್ಪುವುದು 1 ಎಂಬಿ ಮಾತ್ರ, ಮೀರಿದರೆ 413 ದೋಷ. ಆ ಮಿತಿಯನ್ನು ಎರಡೂ ಸರ್ವರ್‌ಗಳಲ್ಲಿ ಏರಿಸಿದ ಮೇಲೆಯೇ ದಾಟಿಸುವ ಸಾಲುಗಳನ್ನು ಜಾರಿಗೆ ತಂದೆ.

ಹಳೆಯ ಸರ್ವರ್ ಮುಚ್ಚುವ ಹೊತ್ತಿನ ಬಗ್ಗೆ ಒಂದು ಮಾತು. ದಿನಗಳನ್ನು ಎಣಿಸಿ ಮುಚ್ಚುವುದಕ್ಕಿಂತ ಯಾರು ಬಂದರೆಂದು ದಾಖಲಿಸುವ ಅದರ ಆಕ್ಸೆಸ್ ಲಾಗ್ ನೋಡಿ ಮುಚ್ಚುವುದು ಮೇಲು. ಮನುಷ್ಯರ ಬ್ರೌಸರ್‌ಗಳು ನಿಂತು, ಐಪಿ ವಿಳಾಸ ಹಿಡಿದು ತಡಕಾಡುವ ಬಾಟ್‌ಗಳಷ್ಟೇ ಉಳಿದಾಗ ಬಾಡಿಗೆ ನಿಲ್ಲಿಸಬಹುದು. ಅಲ್ಲಿಯವರೆಗೆ ಹಳೆಯ ಸರ್ವರ್‌ನಲ್ಲಿ ನಿಗದಿತ ಹೊತ್ತಿಗೆ ತಾನಾಗಿ ನಡೆಯುವ ಕ್ರಾನ್ ಕೆಲಸಗಳನ್ನು ಮಾತ್ರ ಬದಲಾವಣೆಯ ಗಳಿಗೆಯಲ್ಲಿಯೇ ನಿಲ್ಲಿಸಿರಬೇಕು, ಇಲ್ಲದಿದ್ದರೆ ಶುಲ್ಕ ಕಟ್ಟಿ ಎಂಬ ನೆನಪಿನ ಪತ್ರ ಒಬ್ಬನೇ ವಿದ್ಯಾರ್ಥಿಗೆ ಎರಡು ಸರ್ವರ್‌ಗಳಿಂದ ಎರಡು ಸಲ ಹೋಗುತ್ತದೆ.